ಕುರ್ಚಿ ನಮ್ಮದು, ಕತ್ತರಿ ಅವರದು

ಕೆಲವರ ಹಣೆಯಲ್ಲಿ ಬ್ರಹ್ಮ ಉದ್ಯೋಗ ಬರೆಯುತ್ತಾನೆ, ಕೆಲವರ ಹಣೆಯಲ್ಲಿ ಪೇಚಾಟ ಬರೆಯುತ್ತಾನೆ. ನನ್ನದು ಅಗಲವಾದ ಹಣೆ, ತಲೆಯ ಹಿಂಭಾಗದವರೆಗೂ ಹೋಗುತ್ತದೆ. ಹಾಗಾಗಿ ಎರಡನ್ನೂ ಬರೆಯಲು ಅವನಿಗೆ ಜಾಗ ಸಿಕ್ಕಿತು.

ಎವರೆಟ್ ಊರಿನ ವಿಮಾನದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ರೆಕ್ಕೆಗೆ ಎಷ್ಟು ಬೋಲ್ಟು ಬೇಕೆಂದು ತಲೆ ಕೆಡಿಸಿಕೊಂಡವನು ನಾನು. ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು ಹತ್ತಿರದ ವುಡಿನ್‌ವಿಲ್ ಊರಿನಲ್ಲಿ ಒಂದು ಹೇರ್ ಸಲೂನ್ ಕೊಂಡುಕೊಂಡೆ. ನನಗೆ ಕತ್ತರಿ ಹಿಡಿಯಲು ಬರುವುದಿಲ್ಲ. ಬರಬೇಕಾಗಿಯೂ ಇರಲಿಲ್ಲ. ಅಂಗಡಿಯಲ್ಲಿದ್ದದ್ದು ಮೂರು ಕುರ್ಚಿ, ಮೂರಕ್ಕೂ ಒಬ್ಬೊಬ್ಬ ಸ್ಟೈಲಿಸ್ಟ್. ಗಿರಾಕಿ ಅವರದು, ಸಂಪಾದನೆ ಅವರದು, ನನಗೆ ವಾರವಾರ ಕುರ್ಚಿಯ ಬಾಡಿಗೆ. ಕೂತಲ್ಲೇ ಊಟ ಬರುವ ವ್ಯವಹಾರ ಎಂದುಕೊಂಡು ಇಳಿದೆ. ಆಮೇಲೆ ನಡೆದದ್ದರಲ್ಲಿ ಹೇಳಬಹುದಾದಷ್ಟನ್ನು ಇಲ್ಲಿ ಹೇಳುತ್ತೇನೆ.

ರಿಯಲ್ ಎಸ್ಟೇಟ್

ಇಲ್ಲಿನ ನಮ್ಮ ಕನ್ನಡದವರ ಕೂಟಗಳಲ್ಲಿ ಗಂಡಂದಿರನ್ನು ಪರಿಚಯಿಸಲು ಒಂದು ಕ್ರಮವಿದೆ. ಮೊದಲು ಕಂಪನಿ, ಆಮೇಲೆ ಹುದ್ದೆ, ಕೊನೆಗೆ ನೆನಪಾದರೆ ಹೆಸರು. ಕ್ಷೌರದಂಗಡಿ ಎನ್ನುವ ಮಾತು ಆ ಪಂಕ್ತಿಯಲ್ಲಿ ಕೂರುವುದಿಲ್ಲ. ತಿಂಗಳಿಗೊಮ್ಮೆ ತಲೆಯನ್ನು ಕ್ಷೌರದವನ ಕೈಗೆ ಕೊಡಬಹುದಂತೆ, ಅವನ ಪಕ್ಕ ಕೂತು ಬಿಸಿಬೇಳೆಬಾತ್ ತಿನ್ನುವುದು ಬೇರೆ ವಿಷಯವಂತೆ. ಸಮುದ್ರ ದಾಟಿ ಬಂದವರು ಇದೊಂದನ್ನು ಮಾತ್ರ ದಾಟದೆ ಜೋಪಾನವಾಗಿ ತಂದಿಟ್ಟುಕೊಂಡಿದ್ದಾರೆ. ಇದನ್ನೆಲ್ಲ ಬಲ್ಲ ನನ್ನ ಹೆಂಡತಿ ಯುಗಾದಿ ಊಟದಲ್ಲಿ, ಇವರು ಈಗ ಕಮರ್ಷಿಯಲ್ ರಿಯಲ್ ಎಸ್ಟೇಟ್‌ನಲ್ಲಿದ್ದಾರೆ ಎಂದುಬಿಟ್ಟಳು.

ಅಲ್ಲೊಬ್ಬ ಸಾಫ್ಟ್‌ವೇರ್ ಮ್ಯಾನೇಜರ್ ಇದ್ದ. ದುಡ್ಡು ಎಲ್ಲಿ ಹಾಕಲಿ ಎಂದು ತುರಿಕೆ ಹತ್ತಿಸಿಕೊಂಡಿದ್ದ ಮನುಷ್ಯ. ಮರುದಿನವೇ ನನ್ನ ಪ್ರಾಪರ್ಟಿ ನೋಡಲು ಇಸ್ತ್ರಿ ಅಂಗಿ ತೊಟ್ಟು ಬಂದ. ನಾನು ನೆಲದ ಕೂದಲು ಗುಡಿಸುತ್ತಿದ್ದೆ. ಬೋರ್ಡು ನೋಡಿದ, ನನ್ನನ್ನು ನೋಡಿದ, ಪೊರಕೆ ನೋಡಿದ. ಪ್ರಾಪರ್ಟಿ ಎಲ್ಲಿದೆ ಸಾರ್ ಎಂದ. ನಾನು ಪೊರಕೆಯಿಂದಲೇ ಮೂರು ಕುರ್ಚಿ ತೋರಿಸಿದೆ. ಒಂದು ಲೋಟ ನೀರು ಕುಡಿದು ಹೊರಟುಹೋದ.

ಆಮೇಲೆ ಬಹಳ ದಿನ ಅವರ ಮನೆಯಿಂದ ಫೋನಿಲ್ಲ, ಕರೆಯಿಲ್ಲ. ಗಣೇಶನ ಹಬ್ಬದ ಹೊತ್ತಿಗೆ ಅವನ ಹೆಂಡತಿ ನನ್ನ ಹೆಂಡತಿಯನ್ನು ಅಡುಗೆಮನೆಯ ಮೂಲೆಗೆ ಕರೆದು, ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಪಿಸುಮಾತಿನಲ್ಲಿ ಕೇಳಿದಳಂತೆ: "ಶನಿವಾರ ನಿಮ್ಮ ರಿಯಲ್ ಎಸ್ಟೇಟಲ್ಲಿ ನಮ್ಮ ಹುಡುಗನಿಗೆ ಕಟಿಂಗ್‌ಗೆ ಟೈಮ್ ಸಿಗುತ್ತಾ?"

ಯಜಮಾನರು

ಮೊದಲ ದಿನ ನಾನು ಟೈ ಕಟ್ಟಿಕೊಂಡು ಒಂಬತ್ತಕ್ಕೆ ಬಾಗಿಲಲ್ಲಿ ನಿಂತಿದ್ದೆ. ಕಾರ್ಖಾನೆಯಲ್ಲಿ ಒಂದು ತಂಡವನ್ನೇ ನಡೆಸಿದವನು, ಮೂರು ಜನರನ್ನು ನಡೆಸಲಾರೆನೇ ಎಂಬ ಜಂಬ. ಹತ್ತಾಯಿತು, ಯಾರೂ ಬರಲಿಲ್ಲ. ಹನ್ನೊಂದಕ್ಕೆ ಕಿಟಕಿ ಪಕ್ಕದ ಕುರ್ಚಿಯಾಕೆ ಬಂದಳು. ವಯಸ್ಸಿನಲ್ಲಿ ನನ್ನ ಅಕ್ಕನಂತಿದ್ದಳು, ಮೂವರಲ್ಲಿ ಹಿರಿಯಳು. ನಾನು ಗಡಿಯಾರ ನೋಡಿದೆ. ಅವಳು ನಾನು ಗಡಿಯಾರ ನೋಡಿದ್ದನ್ನು ನೋಡಿದಳು.

ಬ್ಯಾಗು ಇಳಿಸಿ, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಒಂದನೇ ಕ್ಲಾಸಿನ ಮೇಡಂನಂತೆ ಪಾಠ ಮಾಡಿದಳು. ತಾನು ನನ್ನ ಕೆಲಸದವಳಲ್ಲ, ಬಾಡಿಗೆಯವಳು. ಬರುವ ಹೊತ್ತು, ಹೋಗುವ ಹೊತ್ತು, ರೇಟು, ರಜೆ ಎಲ್ಲವೂ ತನ್ನಿಷ್ಟ. ಅದರಲ್ಲಿ ನಾನು ಬಾಯಿ ಹಾಕಿದರೆ ಕಾನೂನಿನ ಪ್ರಕಾರ ತಾನು ನನ್ನ ನೌಕರಳಾಗಿಬಿಡುತ್ತೇನೆ, ಆಗ ತನ್ನ ಟ್ಯಾಕ್ಸು, ಇನ್ಶೂರೆನ್ಸು ಎಲ್ಲ ನನ್ನ ಕುತ್ತಿಗೆಗೆ ಬರುತ್ತದೆ ಎಂದಳು. ನಮ್ಮ ಬೆಂಗಳೂರಿನ ವಠಾರದ ಓನರ್‌ಗಳಿಗೂ ಇದಕ್ಕಿಂತ ದರ್ಬಾರಿತ್ತು. ಗೋಡೆಗೆ ಮೊಳೆ ಹೊಡೀಬೇಡಿ ಎನ್ನಬಹುದಿತ್ತು, ಎಂಟು ಗಂಟೆಗೆ ನಲ್ಲಿ ನಿಲ್ಲಿಸಬಹುದಿತ್ತು.

ಇದೇ ಕೊರಗಿನಲ್ಲಿರುವಾಗ, ನಾನೂ ಬಾಡಿಗೆಗಿದ್ದ ಕಟ್ಟಡದ ಮ್ಯಾನೇಜರಮ್ಮ ಬಂದಳು. ನಮ್ಮ ಸಾಲಿನ ಅಂಗಡಿಗಳೆಲ್ಲ ಒಂದೊಂದಾಗಿ ವೈನ್ ರುಚಿ ನೋಡುವ ಕೋಣೆಗಳಾಗುತ್ತಿದ್ದವು. ಡ್ರೈಕ್ಲೀನಿಂಗ್ ಹೋಗಿ ವೈನ್ ಬಂತು, ಹಲ್ಲಿನ ಡಾಕ್ಟರು ಹೋಗಿ ವೈನ್ ಬಂತು. ನಮ್ಮ ಜಾಗದ ಮೇಲೂ ವೈನಿನವರ ಕಣ್ಣಿದೆ, ವರ್ಷದ ಕೊನೆಗೆ ನಿಮ್ಮ ಲೀಸ್ ಮುಗಿಯುತ್ತದೆ ಎಂದು ನೆನಪಿಸಿದಳು. ಯಾವಾಗ ಬಂದರೂ ನಿಮ್ಮ ಅಂಗಡಿಯಲ್ಲಿ ಒಬ್ಬರಿದ್ದರೆ ಇಬ್ಬರಿರುವುದಿಲ್ಲ, ಜೀವಕಳೆಯೇ ಇಲ್ಲ, ಅಕ್ಟೋಬರಿನಲ್ಲಿ ಯಾವತ್ತಾದರೂ ಬಂದು ನೋಡುತ್ತೇನೆ, ಕಳೆ ಕಾಣಿಸಿದರೆ ಲೀಸ್, ಇಲ್ಲದಿದ್ದರೆ ವೈನ್ ಎಂದಳು. ನಾನೋ ಕೈಗಂಟೆಲ್ಲ ಈ ಅಂಗಡಿಗೆ ಸುರಿದಾಗಿತ್ತು.

ಅವಳು ಹೋದಮೇಲೆ ನಾನು ಕಿಟಕಿ ಕುರ್ಚಿಯಾಕೆಯ ಬಳಿ ಹೋಗಿ, ಮೂವರೂ ಒಟ್ಟಿಗೆ ಬರುವಂತೆ ಹೇಳುವ ಹಕ್ಕಿಲ್ಲ ಅಂದಮೇಲೆ ಈ ಅಂಗಡಿಯಲ್ಲಿ ಯಜಮಾನನೆಂದು ನನಗಿರುವ ಹಕ್ಕಾದರೂ ಯಾವುದು ಎಂದು ಕೇಳಿದೆ. ಅವಳು ತುಂಬ ಮರ್ಯಾದೆಯಿಂದ ತಲೆ ತೊಳೆಯುವ ಸಿಂಕ್ ತೋರಿಸಿದಳು. "ನೀರು ಹೋಗ್ತಿಲ್ಲ. ಅದು ಪೂರ್ತಿ ನಿಮ್ಮ ಅಧಿಕಾರಕ್ಕೆ ಬರುತ್ತೆ."

ಮಂಗಳವಾರ

ನಡುವಿನ ಕುರ್ಚಿಯವನು ಪಕ್ಕದ ಹಳ್ಳಿ ಡುವಾಲ್ ಕಡೆಯ ಯುವಕ. ಮನೆಯಲ್ಲಿ ಮೇಕೆ ಸಾಕಿದ್ದಾನೆ. ಕೂದಲಿಗೆ ನೀಲಿ ಬಣ್ಣ, ಮಾತು ಕಡಿಮೆ. ನಮ್ಮ ಕನ್ನಡದವರೆಲ್ಲ ಅವನ ಗಿರಾಕಿಗಳಾದರು. ನಮ್ಮವರ ಅಂಗಡಿ ಎಂದು ಬಂದು, ನಮ್ಮವರಿಗೆ ಎಷ್ಟು ಬಿಡ್ತೀರಿ ಎಂದು ನನ್ನನ್ನು ಕೇಳುವುದು. ರೇಟು ನನ್ನ ಕೈಯಲ್ಲಿಲ್ಲ ಎಂದು ನಾನು ಹೇಳುವುದು. ಎಂಥ ಓನರ್ ರೀ ನೀವು ಎಂದು ಅವರು ಮುಖ ಸಿಂಡರಿಸುವುದು, ಇದು ನಿತ್ಯದ ಮಂಗಳಾರತಿ.

ಅವನಿಗೆ ಒಂದು ಸಮಸ್ಯೆ ಇತ್ತು. ಮಂಗಳವಾರ ಒಬ್ಬ ಭಾರತೀಯನೂ ಬರುವುದಿಲ್ಲ. ಯಾಕೆಂದು ನನ್ನನ್ನು ಕೇಳಿದ. ಮಂಗಳವಾರ ನಮ್ಮಲ್ಲಿ ಕ್ಷೌರ ಮಾಡಿಸಬಾರದು, ಊರಲ್ಲಿ ಅಂಗಡಿಯೇ ತೆಗೆಯುವುದಿಲ್ಲ ಎಂದೆ. ಅಮಾವಾಸ್ಯೆಯ ವಿಚಾರವನ್ನೂ ಹೇಳಿದೆ, ಹುಟ್ಟಿದ ನಕ್ಷತ್ರದ ವಿಚಾರವನ್ನೂ ಹೇಳಿದೆ. ಅವನು ಗಂಭೀರವಾಗಿ ತಲೆದೂಗಿದ. ಮಾರನೇ ವಾರ ಬಾಗಿಲಿಗೆ ತಾನೇ ಬರೆದ ಒಂದು ಬೋರ್ಡು ತೂಗುಹಾಕಿದ: ಮಂಗಳವಾರ ಅರ್ಧ ರೇಟು.

ಆ ಮಂಗಳವಾರ ಸಂಜೆ ನೋಡಬೇಕಿತ್ತು. ಆಫೀಸು ಮುಗಿಸಿ ಒಬ್ಬೊಬ್ಬರೇ ಟೋಪಿ ಹಾಕಿಕೊಂಡು ಬಂದರು. ಬಾಗಿಲು ತೆಗೆದರೆ ಸತ್ಯನಾರಾಯಣ ಪೂಜೆಯ ಪ್ರಸಾದಕ್ಕೆ ಕೂರುವವರೆಲ್ಲ ಒಳಗೂ ಕೂತಿದ್ದಾರೆ. ಮುಖ ಮುಖ ನೋಡಿಕೊಂಡರು. ಯಾರೂ ಕೇಳದಿದ್ದರೂ ಒಬ್ಬೊಬ್ಬರೂ ಸಮಜಾಯಿಷಿ ಶುರುಮಾಡಿದರು. ನಮ್ಮ ಮನೆಯಲ್ಲಿ ಅದೆಲ್ಲ ಅಷ್ಟಿಲ್ಲ ಎಂದ ಒಬ್ಬ. ಬರೀ ಸೈಡ್ ಟ್ರಿಮ್ ಮಾಡಿಸಿದರೆ ಕ್ಷೌರದ ಲೆಕ್ಕಕ್ಕೆ ಬರುವುದಿಲ್ಲ ಎಂದ ಇನ್ನೊಬ್ಬ. ಕೊನೆಗೆ, ಎಲ್ಲರ ಮನೆಯ ಪೂಜೆಗೂ ಮುಹೂರ್ತ ನೋಡಿಕೊಡುವ ಹಿರಿಯರೊಬ್ಬರು ಮೂಲೆಯಿಂದ ಗಂಟಲು ಸರಿಮಾಡಿಕೊಂಡರು.

"ಎಲ್ರೂ ಯಾಕೆ ಇಷ್ಟು ಒದ್ದಾಡ್ತೀರಿ? ಬೆಂಗಳೂರಲ್ಲಿ ಈಗಾಗ್ಲೇ ಬುಧವಾರ."

ಕೂರಲು ಜಾಗ

ಅಕ್ಟೋಬರ್ ಹತ್ತಿರವಾಗುತ್ತಿದ್ದಂತೆ ನನಗೆ ಜೀವಕಳೆಯ ಚಿಂತೆ ಹತ್ತಿತು. ಕೊನೆಯ ಕುರ್ಚಿಯವಳು ಬರುವುದೇ ವಾರದ ಕೊನೆಗೆ. ಮೇಕೆಯವನ ಮೇಕೆಗೆ ಹುಷಾರಿಲ್ಲದಿದ್ದರೆ ಅವನಿಲ್ಲ. ಕಡೇಪಕ್ಷ ನಾನಾದರೂ ಅಂಗಡಿಯಲ್ಲಿ ಕಾಣಿಸಿಕೊಳ್ಳೋಣವೆಂದು ಇಡೀ ದಿನ ಅಲ್ಲೇ ನಿಲ್ಲತೊಡಗಿದೆ. ಒಂದು ದಿನ ಬಾಡಿಗೆಯವರು ಮೂವರೂ ನನ್ನ ಮೇಲೆ ಸಭೆ ಕರೆದರು. ನಾನು ಕೈಕಟ್ಟಿಕೊಂಡು ಹಿಂದೆ ನಿಂತರೆ ಗಿರಾಕಿಗಳಿಗೆ ಕನ್ನಡಿಯಲ್ಲಿ ನನ್ನ ಮುಖವೇ ಕಾಣುತ್ತದಂತೆ, ಪರೀಕ್ಷೆ ಹಾಲಿನಲ್ಲಿ ಕೂತಂತಾಗುತ್ತದಂತೆ. ಅದಕ್ಕಿಂತ ಹೆಚ್ಚಾಗಿ, ಸಲೂನಿನ ಯಜಮಾನನೇ ಬೋಳು ತಲೆಯವನೆಂದು ಕಂಡರೆ ಇಲ್ಲಿ ಕೂದಲು ಕೊಟ್ಟವರ ಗತಿ ಏನೆಂದು ಜನಕ್ಕೆ ಅನುಮಾನ ಬರುತ್ತದಂತೆ. ದಯವಿಟ್ಟು ಎಲ್ಲಾದರೂ ಕೂತುಕೊಳ್ಳಿ ಎಂದರು.

ಸುತ್ತ ನೋಡಿದೆ. ಮೂರು ಕುರ್ಚಿಯೂ ಬಾಡಿಗೆಗೆ ಹೋಗಿದ್ದವು, ಕಾಯುವ ಬೆಂಚು ಗಿರಾಕಿಗಳದು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಆಮೇಲೆ ಎರಡು ವಾರ ನಾನು ಕಾರಿನಲ್ಲಿ ಕೂತೇ ಅಂಗಡಿ ನಡೆಸಿದೆ.

ಆಯುಧಪೂಜೆ

ಕಾರಿನಲ್ಲಿ ಕೂತ ಗಂಡನನ್ನು ನೋಡಿ ನನ್ನ ಹೆಂಡತಿ ಕಾರಣ ಕಂಡುಹಿಡಿದಳು. ಅಂಗಡಿ ತೆಗೆದು ಇಷ್ಟು ದಿನವಾಯಿತು, ಒಂದು ಆಯುಧಪೂಜೆ ಮಾಡಿಲ್ಲ, ಕಳೆ ಎಲ್ಲಿಂದ ಬರಬೇಕು ಎಂದಳು. ಸರಿ ಎನಿಸಿತು. ಪಂಚಾಂಗದಲ್ಲಿ ಹಬ್ಬ ಯಾವತ್ತಿದ್ದರೂ ನಮಗಿಲ್ಲಿ ಶನಿವಾರವೇ ಹಬ್ಬ. ಅಕ್ಟೋಬರಿನ ಆ ಶನಿವಾರ ಬೆಳಿಗ್ಗೆ ಯಾರೂ ಬರುವ ಮೊದಲು ಅಂಗಡಿಗೆ ಹೋದೆವು. ನಾನು ರೇಷ್ಮೆ ಪಂಚೆ, ಶಲ್ಯ. ಅವಳು ಜರಿ ಸೀರೆ.

ಡ್ರಾಯರುಗಳಲ್ಲಿದ್ದ ಕತ್ತರಿ, ಕ್ಲಿಪ್ಪರ್, ಡ್ರೈಯರುಗಳನ್ನೆಲ್ಲ ಕೆಂಪು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದೆವು. ಕುರ್ಚಿಗಳಿಗೂ ಹಾರ ಹಾಕಿದೆವು. ಕಾರಿನ ಚಕ್ರಕ್ಕೆ ಇಡುವಂತೆ ಕುರ್ಚಿಯ ಕಾಲು ಚಾಚುವ ಹಲಗೆಯ ಕೆಳಗೆ ನಿಂಬೆಹಣ್ಣಿಟ್ಟು, ಪೆಡಲ್ ಒತ್ತಿ ಕುರ್ಚಿ ಇಳಿಸಿ ಪಚಕ್ಕೆನಿಸಿದೆವು. ದೃಷ್ಟಿ ತೆಗೆಯಲು ಬೂದುಗುಂಬಳ ಸಿಗಲಿಲ್ಲ, ಇಂಡಿಯನ್ ಅಂಗಡಿಯಲ್ಲಿದ್ದದ್ದನ್ನೆಲ್ಲ ಟೆಸ್ಲಾ ಕಾರಿನ ನಮ್ಮವರು ಕಾರಿನ ಪೂಜೆಗೆಂದು ಒಯ್ದಿದ್ದರು. ಡುವಾಲ್‌ನ ತೋಟದಿಂದ ದೊಡ್ಡದೊಂದು ಕಿತ್ತಳೆ ಬಣ್ಣದ ಕುಂಬಳ ತಂದಿದ್ದೆ. ಅದಕ್ಕೆ ತೂತು ಕೊರೆದು, ಕುಂಕುಮದ ನೀರು ತುಂಬಿ, ಮೇಲೆ ಕರ್ಪೂರ ಹಚ್ಚಿ, ನಿವಾಳಿಸಿ ಬಾಗಿಲ ಮುಂದೆ ಅಪ್ಪಳಿಸಿದೆ. ಕೆಂಪು ನೀರು ಗಾಜಿನ ಬಾಗಿಲಿಗೆಲ್ಲ ಹಾರಿತು. ನನ್ನ ಶಲ್ಯಕ್ಕೂ ಬಿತ್ತು.

ಅಷ್ಟರಲ್ಲಿ ಕಿಟಕಿ ಕುರ್ಚಿಯಾಕೆ ಬಂದಳು. ಕುಂಬಳ ದಾಟಿ ಒಳಗೆ ಬಂದು, ಜಪಾನಿನಿಂದ ತರಿಸಿದ ತನ್ನ ಕತ್ತರಿ ಅರಿಶಿನ ಮೆತ್ತಿಕೊಂಡು ಮಲಗಿರುವುದನ್ನು ನೋಡಿದಳು. ನಾನು ವಿನಯದಿಂದ, ಇವತ್ತು ಆಯುಧಗಳಿಗೆ ವಿಶ್ರಾಂತಿ, ನಾಳೆಯವರೆಗೆ ಮುಟ್ಟುವ ಹಾಗಿಲ್ಲ ಎಂದೆ. ಅವಳಿಗೆ ಆ ದಿನ ಬೆಳಗಿಂದ ಸಂಜೆಯವರೆಗೆ ಗಿರಾಕಿಗಳಿದ್ದರು.

"ನಾನು ಎಷ್ಟು ಗಂಟೆಗೆ ಬರಬೇಕು ಅಂತ ಹೇಳೋ ಅಧಿಕಾರ ನಿಮಗಿಲ್ಲ. ನನ್ನ ಕತ್ತರಿಗೆ ರಜೆ ಕೊಡೋ ಅಧಿಕಾರ ಎಲ್ಲಿಂದ ಬಂತು?"

ಅವಳು ಫೋನು ಮಾಡಿ ಉಳಿದಿಬ್ಬರನ್ನೂ ಕರೆಸಿದಳು. ತಂತಮ್ಮ ಕತ್ತರಿಗಳನ್ನು ಬಿಡಿಸಿಕೊಳ್ಳಲು ಇಬ್ಬರೂ ಓಡಿ ಬಂದರು. ಒಂದು ಕಡೆ ಮೇಕೆಯವನು ಕ್ಲಿಪ್ಪರಿನ ಸಂದಿಯಿಂದ ಅಕ್ಷತೆ ಕೆರೆಯುತ್ತಿದ್ದಾನೆ, ಕೊನೆಯ ಕುರ್ಚಿಯವಳು ನಿಂಬೆಹುಳಿಯ ಮೇಲೆ ಜಾರಿ ಕುರ್ಚಿ ಹಿಡಿದುಕೊಂಡಿದ್ದಾಳೆ, ಬಾಗಿಲಲ್ಲಿ ಆಗಲೇ ಗಿರಾಕಿಗಳು ಮಕ್ಕಳನ್ನು ಕಟ್ಟಿಕೊಂಡು ನೆರೆದಿದ್ದಾರೆ, ಒಳಗೆಲ್ಲ ಕರ್ಪೂರದ ಹೊಗೆ. ಆ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ನೋಡುತ್ತೇನೆ, ಎದುರಿಗೆ ಕಟ್ಟಡದ ಮ್ಯಾನೇಜರಮ್ಮ. ನನ್ನ ಕಥೆ ಮುಗಿಯಿತು, ಇನ್ನು ವೈನೇ ಗತಿ ಎಂದುಕೊಂಡೆ.

ಅವಳು ಒಡೆದ ಕುಂಬಳ ನೋಡಿದಳು. ಗಾಜಿನ ಮೇಲಿನ ಕೆಂಪು ನೋಡಿದಳು. ಕೆಂಪು ಮೆತ್ತಿದ ಕತ್ತರಿಗಳನ್ನೂ ತುಂಬಿದ ಅಂಗಡಿಯನ್ನೂ ನೋಡಿದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, ಇಡೀ ಕಟ್ಟಡದಲ್ಲಿ ಹ್ಯಾಲೊವೀನ್ ಹಬ್ಬವನ್ನು ಇಷ್ಟು ಶ್ರದ್ಧೆಯಿಂದ ಮಾಡಿದವರು ನೀವೊಬ್ಬರೇ ಎಂದಳು. ದೆವ್ವದ ವೇಷದ, ಕುಂಬಳಕಾಯಿಯ ಆ ಹಬ್ಬಕ್ಕೆ ವೈನಿನವರು ಒಂದು ಪ್ಲಾಸ್ಟಿಕ್ ಅಸ್ಥಿಪಂಜರ ನೇತುಹಾಕಿ ಕೈತೊಳೆದುಕೊಂಡಿದ್ದರಂತೆ. ಇದು ಹ್ಯಾಲೊವೀನ್ ಅಲ್ಲ, ನಮ್ಮ ಪವಿತ್ರವಾದ ಪೂಜೆ ಎಂದು ತಿಳಿಸಲು ನಾನು ಬಾಯಿ ತೆರೆದೆ. ಹೆಂಡತಿ ಹಿಂದಿನಿಂದ ಶಲ್ಯ ಎಳೆದಳು. "ರೀ, ಸುಮ್ನಿರಿ. ಮೊದ್ಲು ಲೀಸ್ ಆಗ್ಲಿ, ಧರ್ಮ ಆಮೇಲೆ ಹೇಳೋಣ." ಕತ್ತರಿ ಒರೆಸುತ್ತಿದ್ದ ಕಿಟಕಿ ಕುರ್ಚಿಯಾಕೆಯೂ ಅಂಗಡಿ ಹೋದರೆ ತನ್ನ ಕುರ್ಚಿಯೂ ಹೋಗುತ್ತದೆಂದು ನೆನೆದು, ವಾರದಿಂದ ಎಲ್ಲರೂ ಸೇರಿ ತಯಾರಿ ಮಾಡಿದ್ದೆವು ಎಂದುಬಿಟ್ಟಳು.

ಲೀಸ್ ಸಿಕ್ಕಿತು. ಕಾಗದ ಕೊಡಲು ಬಂದಾಗ ಮ್ಯಾನೇಜರಮ್ಮ ಬಾಯಿಮಾತಿನಲ್ಲಿ ಒಂದು ಷರತ್ತು ಹಾಕಿದಳು. ಪ್ರತಿ ವರ್ಷ ಅಕ್ಟೋಬರಿನಲ್ಲಿ ಕುಂಬಳಕಾಯಿ ಒಡೆಯಲೇಬೇಕು, ಗಂಡ ಹೆಂಡತಿ ಇಬ್ಬರೂ ಅದೇ ವೇಷ ಹಾಕಿಕೊಂಡಿರಬೇಕು, ಅದರಲ್ಲೂ ಗಂಡನ ವೇಷವನ್ನು ನೋಡಿ ಮಕ್ಕಳೆಲ್ಲ ಬೆಚ್ಚಿಬಿದ್ದರು ಎಂದಳು.

ಅದು ನನ್ನ ಮದುವೆಯ ಧಾರೆ ಪಂಚೆ. ಅವಳು ಹೋದಮೇಲೆ ನನಗೆ ತಡೆಯಲಾರದ ಸಿಟ್ಟು ಬಂತು. ಧಾರೆ ಪಂಚೆ ಇವರಿಗೆ ದೆವ್ವದ ವೇಷವೇ ಎಂದು ಕೂಗಾಡಿದೆ. ಹೆಂಡತಿ ಲೀಸಿನ ಕಾಗದಕ್ಕೆ ಕುಂಕುಮ ಹಚ್ಚುತ್ತ, ತಲೆ ಎತ್ತದೆ ಹೇಳಿದಳು:

"ಪಾಪ, ಅವಳದೇನೂ ತಪ್ಪಿಲ್ಲ ಬಿಡಿ. ಧಾರೆ ದಿನ ಅಂತರಪಟ ಸರಿಸಿದಾಗ ನಾನೂ ಬೆಚ್ಚಿಬಿದ್ದಿದ್ದೆ."