ಅಕ್ಕಾವ್ರನ್ನು ಉಳಿಸಿಕೊಳ್ಳಲು ನಾನು ಹೂಡಿದ ಉಪಾಯಗಳು

ಕೆಲಸಕ್ಕೆ ಬಂದವರು ನಿಲ್ಲುವುದಿಲ್ಲ ಎಂಬ ದೂರನ್ನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ನಿಲ್ಲದಂತೆ ಮಾಡಿದವರು ಯಾರು ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಈಗ ನಾನಿರುವುದು ದೂರದ ಜಬಲಪುರದಲ್ಲಿ. ಮೊಮ್ಮಗಳು ಇಲ್ಲೊಂದು ಶಿಶುವಿಹಾರ ನಡೆಸುತ್ತಾಳೆ. ಮಕ್ಕಳನ್ನು ನೋಡಿಕೊಳ್ಳಲು ಬರುವ ಆಯಾಗಳು ತಿಂಗಳು ತುಂಬುವುದರೊಳಗೆ ಬಿಟ್ಟುಹೋಗುತ್ತಾರೆ. "ಅಜ್ಜಿ, ಇವರಿಗೆ ನಾನೇನು ಕಡಿಮೆ ಮಾಡಿದೆ?" ಎಂದು ಅವಳು ಕೇಳಿದಾಗೆಲ್ಲ ನಾನು ಕನ್ನಡಕ ಒರೆಸುತ್ತ ಕೂಡುತ್ತೇನೆ. ಕಡಿಮೆ ಮಾಡಿ ಓಡಿಸುವುದು ನನಗೆ ಗೊತ್ತಿಲ್ಲ. ಹೆಚ್ಚು ಮಾಡಿ ಓಡಿಸಿದ್ದು ಗೊತ್ತು.

ನಮ್ಮದು ನರೇಗಲ್ಲಿಗೂ ಗಜೇಂದ್ರಗಡಕ್ಕೂ ನಡುವಿನ ಒಂದು ಹಳ್ಳಿ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಹೆಣ್ಣುಮಕ್ಕಳ ಸಾಲಿ ಎಂದರೆ ಚಾವಡಿಯ ಪಕ್ಕದ ಒಂದು ಕೋಣೆ, ಅದರಲ್ಲಿ ಇಪ್ಪತ್ಮೂರು ಹುಡುಗಿಯರು. ನಮ್ಮಪ್ಪ ಸಾಲಿಯ ಕಮಿಟಿಗೆ ಅಧ್ಯಕ್ಷ. ಊರ ಹಿರಿಯರು ಅವನಿಗೆ ಒಂದು ಮಾತು ಖಡಾಖಂಡಿತ ಹೇಳಿಬಿಟ್ಟಿದ್ದರು: "ಕಲಸಾಕ ಹೆಣ್ಮಗಳು ಇದ್ರ ಹುಡುಗ್ಯಾರನ್ನ ಕಳಸ್ತೀವಿ. ಗಂಡಸು ಮಾಸ್ತರು ಬಂದ್ರ ಎಲ್ಲಾರೂ ಮನ್ಯಾಗ."

ಪಾಠ ಹೇಳುವ ಹೆಂಗಸರನ್ನು ನಾವು ಅಕ್ಕಾವ್ರು ಎನ್ನುತ್ತಿದ್ದೆವು. ನಾನು ಆಗ ಐದನೇ ಇಯತ್ತೆ. ಏಳನೆಯದರ ಪರೀಕ್ಷೆ ಪಾಸಾಗಬೇಕೆಂಬುದು ನನ್ನ ಹುಚ್ಚು. ಅಕ್ಕಾವ್ರು ಹೋದರೆ ನನಗೆ ಒಲೆಯ ಮುಂದೆ ಜಾಗ ಕಾದಿತ್ತು. ಹಾಗಾಗಿ ಅವರನ್ನು ಉಳಿಸಿಕೊಳ್ಳುವ ಜವಾಬ್ದಾರಿಯನ್ನು ಅಪ್ಪನಿಗಿಂತ ಹೆಚ್ಚಾಗಿ ನಾನೇ ತಲೆಗೆ ಕಟ್ಟಿಕೊಂಡೆ.

೧. ಇಪ್ಪತ್ಮೂರು ರೊಟ್ಟಿ

ಮೊದಲು ಬಂದವರು ಕಾರವಾರದ ಕಡೆಯವರು. ಅನ್ನ, ಮೀನು ಉಂಡು ಬೆಳೆದವರು. ಬಂದ ಎರಡನೇ ದಿನ ಅವರು ಮಧ್ಯಾಹ್ನ ಒಂದು ಹಿಡಿ ಅವಲಕ್ಕಿ ತಿಂದದ್ದನ್ನು ನೋಡಿ ನನ್ನ ಜೀವ ಹಾರಿಹೋಯಿತು. ಹಸಿದವರು ಎಷ್ಟು ದಿನ ನಿಂತಾರು? ಹುಡುಗಿಯರನ್ನೆಲ್ಲ ಗುಡ್ಡೆ ಹಾಕಿ ಹೇಳಿದೆ: "ನಾಳಿಂದ ಎಲ್ಲಾರೂ ಒಂದೊಂದು ರೊಟ್ಟಿ ತರಬೇಕು."

ಮರುದಿನ ಮೇಜಿನ ಮೇಲೆ ಇಪ್ಪತ್ಮೂರು ಜೋಳದ ರೊಟ್ಟಿ, ಅಷ್ಟೇ ಬಗೆಯ ಪಲ್ಲೆ, ಕೆಂಪು ಮೆಣಸಿನಕಾಯಿಯ ಹಿಂಡಿ. ಅಕ್ಕಾವ್ರು ಸಂಕೋಚದ ಮನುಷ್ಯರು. ಒಂದರಿಂದ ಒಂದು ಚೂರು ಮುರಿದರು. ಉಳಿದವರು ಸುಮ್ಮನಿದ್ದರೆ ತಾನೇ?

"ನಮ್ಮ ರೊಟ್ಟಿ ಯಾಕ ಮುಟ್ಲಿಲ್ರಿ ಅಕ್ಕಾವ್ರ?"

"ಅವರ ಮನೀದ ಎರಡ ತುತ್ತು ತಿಂದ್ರಿ, ನಮ್ಮದು ಒಂದ ತುತ್ತು!"

ಒಬ್ಬಳು ಅಳಲಿಕ್ಕೇ ನಿಂತಳು. ಅಕ್ಕಾವ್ರು ಅವಳ ಕಣ್ಣೀರು ಒರೆಸಿ, ಹಿಂಡಿಯ ಖಾರಕ್ಕೆ ತಮ್ಮ ಕಣ್ಣೀರನ್ನೂ ಒರೆಸಿಕೊಂಡು, ಎಲ್ಲರದ್ದೂ ತಿಂದರು. ಹೀಗೆ ದಿನಾಲು. ಮೂರನೇ ವಾರ ಅವರ ವರ್ಗಾವಣೆಯ ಅರ್ಜಿ ಬಂತು. ಕಾರಣ: "ಇಲ್ಲಿನ ಹವೆ ಒಗ್ಗುತ್ತಿಲ್ಲ."

ಅಪ್ಪ ಅದನ್ನು ಪಡಸಾಲೆಯಲ್ಲಿ ಓದಿ ತಲೆ ಕೆರೆದುಕೊಂಡ. "ನಮ್ಮೂರ ಹವಾಕ್ಕ ಏನ್ ಆಗೇತಿ?"

ಅಪ್ಪನ ತಾಯಿ, ನಮ್ಮ ಆಯಿ, ಒಳಗಿನಿಂದಲೇ ಅಂದಳು: "ಹವಾ ಒಗ್ಗಿತ್ತೋ ತಮ್ಮಾ. ಅದನ್ನ ಒಳಗ ತಗೊಳ್ಳಾಕ ಅಕಿ ಹೊಟ್ಟ್ಯಾಗ ಜಾಗಾ ಎಲ್ಲಿತ್ತು?"

೨. ಇಳಿಯದೇ ಹೋದವರು

ಎರಡನೆಯವರಿಗೆ ಊಟ ಹಾಕುವುದು ಬೇಡ, ಮರ್ಯಾದೆ ಮಾಡೋಣ ಎಂದುಕೊಂಡೆ. ಮೋಟಾರು ನಿಲ್ಲುವ ಬೇವಿನ ಮರದ ಕೆಳಗೆ ಇಪ್ಪತ್ಮೂರು ಜನ ಸಾಲಾಗಿ ನಿಂತೆವು. ಆರತಿ ತಟ್ಟೆ ಹಿಡಿದೆವು. ಸದ್ದಿಲ್ಲದೆ ಏನು ಮರ್ಯಾದೆ ಎಂದು ಅಪ್ಪನನ್ನು ಕಾಡಿ ತಮಟೆಯಂಥ ಹಲಗೆ ಬಾರಿಸುವವರನ್ನೂ ಕರೆಸಿದೆ. ಸದ್ದು ಕೇಳಿ ಅರ್ಧ ಊರು ಬಂದು ನೆರೆಯಿತು.

ಮೋಟಾರು ನಿಂತಿತು. ಕಂಡಕ್ಟರ್ ಹೊರಗೆ ತಲೆ ಹಾಕಿ ನೋಡಿ, ಒಳಗೆ ತಿರುಗಿ ಅಂದದ್ದು ನಮಗೆಲ್ಲ ಕೇಳಿಸಿತು: "ಅಕ್ಕಾರ, ಇಲ್ಲಿ ಇಳೀಬ್ಯಾಡ್ರಿ. ಯಾರೋ ಸತ್ತಾರ ಕಾಣತೈತಿ."

ಮೋಟಾರು ಹಾಗೇ ಮುಂದೆ ಹೋಯಿತು. ಕಿಟಕಿಯಿಂದ ಒಂದು ಬಿಳಿಚಿದ ಮುಖ ನಮ್ಮ ಆರತಿಗೆ ಕೈಮುಗಿಯಿತು. ಅವರು ತಿರುಗಿ ಬರಲೇ ಇಲ್ಲ, ಹೆಸರೇನೆಂದು ಕೂಡ ನಮಗೆ ತಿಳಿಯಲಿಲ್ಲ.

೩. ಅಲುಗಾಡುವ ಕರಿಹಲಗೆ

ಮೂರನೆಯವರು ನರಗುಂದದವರು. ಇಪ್ಪತ್ತು ದಾಟದ ಹುಡುಗಿ, ಮದುವೆಯಾಗಿರಲಿಲ್ಲ. ರೊಟ್ಟಿಯನ್ನು ನಮಗಿಂತ ಚೆನ್ನಾಗಿ ತಿನ್ನುತ್ತಿದ್ದರು. ಹಾಡು ಕಲಿಸುತ್ತಿದ್ದರು. ಇವರು ನಿಂತಾರು ಎಂದು ಧೈರ್ಯ ಬರುವಷ್ಟರಲ್ಲಿ ಆಯಿ ಒಂದು ದಿನ ಶೇಂಗಾ ಸುಲಿಯುತ್ತ ಅಂದಳು: "ಇಲ್ಲೇ ಯಾರನ್ನರ ಲಗ್ನಾ ಆದ್ರ ಎಲ್ಲಿಗ ಹೋಗ್ತಾಳ ಬಿಡು."

ಮಾತು ನನಗೆ ಭಾಳ ಸೇರಿತು. ಬಾವಿಕಟ್ಟೆಗೆ ಹೋಗಿ ನಾಲ್ಕು ಹೆಂಗಸರ ಕಿವಿಗೆ ಹಾಕಿ ಬಂದೆ. ಸಾಲಿಯಲ್ಲಿ ಕರಿಹಲಗೆಯ ಕಾಲು ಅಲುಗಾಡುತ್ತದೆ, ನೆಪಕ್ಕೆ ಅದು ಸಾಕು ಎಂದೂ ನಾನೇ ಹೇಳಿದೆ.

ಮರುದಿನ ನನ್ನ ಗೆಳತಿಯ ಕಾಕಾ ಸುತ್ತಿಗೆ ಹಿಡಿದು ಬಂದ. ಹಲಗೆ ನೋಡಿದ, ಅಕ್ಕಾವ್ರನ್ನು ನೋಡಿದ, ಹೋದ. ಆಮೇಲೆ ಇನ್ನೊಬ್ಬಳ ಮಾವ ಮೊಳೆ ತಂದ. ಅಂಗಡಿಯವನ ತಮ್ಮ ಹಗ್ಗ ತಂದ. ನಾಲ್ಕನೇ ದಿನ ಮೀಸೆಗೆ ಕಪ್ಪು ಹಚ್ಚಿಕೊಂಡ ಐವತ್ತರ ವಿಧುರನೊಬ್ಬ ಬರಿಗೈಯಲ್ಲಿ ಬಂದು, ಹಿಂದಿನ ಸಾಲಿನಲ್ಲಿ ನಮ್ಮ ಜೊತೆ ಕುಳಿತುಬಿಟ್ಟ.

"ಇವರು ಏನ್ ರಿಪೇರಿ ಮಾಡಾಕ ಬಂದಾರವಾ?" ಎಂದು ಅಕ್ಕಾವ್ರು ನನ್ನನ್ನು ಕೇಳಿದರು.

"ಅವರು ರಿಪೇರಿಗೆ ಬಂದಿಲ್ರಿ. ನಿಮ್ಮನ್ನ ನೋಡಾಕ ಬಂದಾರ," ಎಂದೆ.

ಆ ವಾರವೆಲ್ಲ ಅವರು ಬಾಡಿಗೆ ಮನೆಯ ಬಾಗಿಲಿಗೆ ಬೀಸುಕಲ್ಲು ಒತ್ತಿಟ್ಟು ಮಲಗಿದ್ದರೆಂದು ಆಮೇಲೆ ತಿಳಿಯಿತು. ಊರು ಇದನ್ನು ವರ್ಷಗಟ್ಟಲೆ ನಗುತ್ತ ಹೇಳಿತು. ನಾನೂ ನಕ್ಕಿದ್ದೇನೆ. ನನ್ನ ಮಗಳು ಬೇರೆ ಊರಿಗೆ ಒಬ್ಬಳೇ ಕೆಲಸಕ್ಕೆ ಹೋದ ದಿನ ಆ ಬೀಸುಕಲ್ಲು ನೆನಪಾಯಿತು. ಅಂದಿನಿಂದ ನಗು ಬರುವುದಿಲ್ಲ.

ಹೊರಡುವಾಗ ಅವರು ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ನಾಕ ಮಂದಿ ಬಂದು ಹೋದ್ರೂ ಹಲಗಿ ಹಂಗ ಅಲಗ್ಯಾಡತೈತಿ ನೋಡವಾ."

೪. ಏಳೆಂಟ್ಲೆ ಅರವತ್ತೈದು

ನಾಲ್ಕನೆಯವರು ನಲವತ್ತು ದಾಟಿದವರು, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ತಮ್ಮ ಅಡಿಗೆ ತಾವೇ ಮಾಡಿಕೊಳ್ಳುತ್ತಿದ್ದರು. ಮೊದಲ ದಿನವೇ ಅಪ್ಪನನ್ನು ಕೂಡಿಸಿ, "ರೊಟ್ಟಿ ಬ್ಯಾಡ, ಆರತಿ ಬ್ಯಾಡ, ಹಲಗಿ ನಾನ ರಿಪೇರಿ ಮಾಡ್ಕೋತೀನಿ," ಎಂದರು. ಹಿಂದಿನ ಕಥೆಗಳೆಲ್ಲ ಅವರಿಗೆ ಮೊದಲೇ ಮುಟ್ಟಿದ್ದವು.

ಅವರು ಒಂದು ವರ್ಷ ನಿಂತರು. ಅಕ್ಷರ ಬಾರದ ಹುಡುಗಿಯರು ಕಾಗದ ಬರೆಯುವಂತಾದರು. ನನಗೂ ನೆಮ್ಮದಿ. ಅಷ್ಟರಲ್ಲಿ ದಿಪೋಟಿ ಸಾಹೇಬರು, ಅಂದರೆ ಸಾಲಿಯ ತಪಾಸಣೆ ಮಾಡುವ ಅಧಿಕಾರಿಗಳು, ಬರುತ್ತಾರೆಂದು ಸುದ್ದಿ ಬಂತು. ಅಪ್ಪ ಊಟಕ್ಕೆ ಕುಳಿತು ಆಯಿಗೆ ಹೇಳಿದ: "ಚಲೋ ಕಲಸೋರನ್ನ ಕಂಡ್ರ ರೋಣಕ್ಕೋ ಗಜೇಂದ್ರಗಡಕ್ಕೋ ಎತ್ತಿ ಹಾಕ್ತಾರಂತ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಉಪಾಯವೂ ಅಲ್ಲೇ ಹೊಳೆಯಿತು. ಇವರು ಚಲೋ ಕಲಿಸುತ್ತಾರೆಂದು ಗೊತ್ತಾದರೆ ತಾನೇ ಒಯ್ಯುವುದು?

ಕಣದಲ್ಲಿ ನಾಲ್ಕು ದಿನ ಹುಡುಗಿಯರಿಗೆ ತಾಲೀಮು ಕೊಟ್ಟೆ. ಕೇಳುವ ಪ್ರಶ್ನೆಗಳು ಪ್ರತಿವರ್ಷ ಅವೇ ಎಂದು ಗಂಡುಮಕ್ಕಳ ಸಾಲಿಗೆ ಹೋಗುತ್ತಿದ್ದ ನನ್ನ ಅಣ್ಣನಿಂದ ತಿಳಿದಿತ್ತು. ಉತ್ತರ ಮಾತ್ರ ನನ್ನವು.

ಸಾಹೇಬರು ಬಂದರು. ಅಕ್ಕಾವ್ರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೆಮ್ಮೆಯಿಂದ ಪಕ್ಕದಲ್ಲಿ ನಿಂತರು.

"ಏಳೆಂಟ್ಲೆ?"

ಇಪ್ಪತ್ಮೂರು ಗಂಟಲು, ಒಂದೇ ರಾಗ: "ಅರವತ್ತೈದ್ರೀ!"

"ಭಾರತದ ರಾಜಧಾನಿ?"

"ರೋಣ್ರೀ!"

"ಕೃಷ್ಣಾ ನದಿ ಎಲ್ಲಿ ಹುಟ್ಟತೈತಿ?"

"ನರಗುಂದ ಗುಡ್ಡದಾಗ್ರೀ!"

ಅಕ್ಕಾವ್ರ ಕೈಯಲ್ಲಿದ್ದ ಸೀಮೆಸುಣ್ಣದ ಖಡು ಕೆಳಗೆ ಬಿತ್ತು. ಅವರು ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. ಅವರ ಆ ಮುಖವನ್ನು ನಾನು ಇವತ್ತಿಗೂ ಕನಸಿನಲ್ಲಿ ಕಾಣುತ್ತೇನೆ. ಆಗಲಾದರೂ ಎದ್ದು ಖರೇ ಹೇಳಬೇಕಿತ್ತು. ನನ್ನ ಉಪಾಯ ಫಲಿಸುತ್ತಿದೆ ಎಂಬ ಖುಷಿಯಲ್ಲಿ ಸುಮ್ಮನೆ ಕುಳಿತೆ.

ಸಾಹೇಬರು ಎಲ್ಲರಿಗಿಂತ ಚಿಕ್ಕವಳನ್ನು ನಿಲ್ಲಿಸಿ ಮತ್ತೆ ಕೇಳಿದರು: "ಏಳೆಂಟ್ಲೆ ಎಷ್ಟವಾ?"

"ಐವತ್ತಾರ್ರಿ," ಎಂದಳು. ಪಕ್ಕದವಳು ಚಿವುಟಿದಳು. ಹುಡುಗಿ ಗಾಬರಿಯಾಗಿ, "ಅಲ್ರಿ, ಅರವತ್ತೈದ್ರಿ! ತಪ್ಪಿ ಖರೇ ಹೇಳಿಬಿಟ್ನಿರಿ!"

ಸಾಹೇಬರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. "ತಪ್ಪಿ ಖರೇ ಹೇಳಿದಿ? ಯಾಕವಾ?"

"ನಮ್ಮ ಅಕ್ಕಾವ್ರು ಭಾಳ ಚಲೋ ಅಂತ ಗೊತ್ತಾದ್ರ ನೀವು ಒಯ್ತೀರಂತ್ರಿ," ಎಂದು ಅವಳು ನನ್ನ ಕಡೆ ಬೆರಳು ಮಾಡಿ ಅತ್ತಳು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಡುವಾಗ ಅಪ್ಪನಿಗೆ ಹೇಳಿದರು: "ಎಷ್ಟೋ ಸಾಲಿ ನೋಡೇನ್ರಿ. ಸರಿ ಉತ್ತರಾನೂ ಹಿಂಗ ಒಂದ ದನೀಲೆ ಎಲ್ಲೂ ಕೇಳಿಲ್ಲ. ಇವರು ಐವತ್ತಾರು ಅಂದಿದ್ರ ನಾನು 'ಸಮಾಧಾನಕರ' ಅಂತ ಬರದು, ಚಾ ಕುಡದು ಹೋಗ್ತಿದ್ದೆ. ಮಕ್ಕಳು ಇಷ್ಟು ಹಚ್ಚಿಗೊಂಡ ಅಕ್ಕಾವ್ರು ಈ ಕೋಣ್ಯಾಗ ಇರಬಾರದು."

ಹದಿನೈದು ದಿನದಲ್ಲಿ ಆದೇಶ ಬಂತು. ಅಕ್ಕಾವ್ರು ಗಜೇಂದ್ರಗಡದ ದೊಡ್ಡ ಸಾಲಿಗೆ ಹೋದರು. ನಮ್ಮೂರಿಗೆ ಮತ್ತೆ ಯಾವ ಹೆಣ್ಣುಮಗಳೂ ಬರಲಿಲ್ಲ. ಕೋಣೆಯಲ್ಲಿ ಕುಸುಬಿಯ ಚೀಲ ಒಟ್ಟಿದರು. ನನ್ನ ಸೋದರಮಾವನ ಮನೆ ಗಜೇಂದ್ರಗಡದಲ್ಲಿತ್ತು. ಅಳುವುದು ನಿಲ್ಲಿಸಲಿ ಎಂದು ಅಪ್ಪ ನನ್ನನ್ನು ಅಲ್ಲಿಟ್ಟು, ಅದೇ ದೊಡ್ಡ ಸಾಲಿಗೆ ಸೇರಿಸಿದ.

ಮೊದಲ ದಿನ ಅಕ್ಕಾವ್ರು ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿದರು. "ನನ್ನ ಈ ಊರಿಗೆ ಕಳಿಸಿದಾಕಿ ಇಕಿನ. ಹೇಳವಾ, ಏಳೆಂಟ್ಲೆ ಎಷ್ಟು?"

"ಐವತ್ತಾರ್ರಿ."

"ಹಾಂ, ಹಿಂಗ ಸರಿ ಹೇಳ್ಕೋಂತ ಇರು. ಇಲ್ಲೂ ತಪ್ಪು ಹೇಳಿದಿ ಅಂದ್ರ ಧಾರವಾಡಕ್ಕ ಹಾಕ್ತಾರ ನನ್ನ."

ಅವರಿಂದ ಕಥೆಯನ್ನು ಮೊದಲೇ ಕೇಳಿದ್ದ ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಗು ಇಳಿದ ಮೇಲೆ ಅವರು ಕರಿಹಲಗೆ ಒರೆಸುತ್ತ, ನನಗಷ್ಟೇ ಕೇಳುವಂತೆ ಕೇಳಿದರು: "ಉಳದ ಇಪ್ಪತ್ತೆರಡು ಮಂದಿ ಈಗ ಏನ್ ಮಾಡಾಕತ್ತಾರ?"

ಆ ಪ್ರಶ್ನೆಗೆ ಒಂದು ತಪ್ಪು ಉತ್ತರ ಕೂಡ ನನಗೆ ಹೊಳೆಯಲಿಲ್ಲ.