ಬಚ್ಚಲ ಬಾಗಿಲಿಗೆ ಸಿಕ್ಕ ಚಪ್ಪಲಿ

ತಪ್ಪು ಹುಡುಕುವುದು ನನ್ನ ವೃತ್ತಿ. ಚೊಂಗ್ಜುವಿನ ಒಂದು ಪಠ್ಯಪುಸ್ತಕ ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಆರನೇ ತರಗತಿಯ ಭೂಗೋಳದಲ್ಲಿ ಒಂದು ಇಡೀ ನದಿ ಸಮುದ್ರದಿಂದ ಹೊರಟು ಬೆಟ್ಟ ಹತ್ತುತ್ತಿದ್ದುದನ್ನು ತಡೆದವನು ನಾನೇ. (ಆ ಉಪಕಾರವನ್ನು ನದಿಯೂ ನೆನೆಯಲಿಲ್ಲ, ಇಲಾಖೆಯೂ ನೆನೆಯಲಿಲ್ಲ.) ಇಂಥ ನನ್ನ ಕಣ್ಣಿಗೆ ಮನೆಯಲ್ಲಿ ಮಾತ್ರ ಕವಡೆ ಕಿಮ್ಮತ್ತಿಲ್ಲ. ನನ್ನ ಹೆಂಡತಿ ಹ್ವಾಸುನ್ ಹೇಳುವ ಪ್ರಕಾರ ನನ್ನ ಕಣ್ಣಿಗೆ ಬೀಳದ ತಪ್ಪು ಜಗತ್ತಿನಲ್ಲಿ ಒಂದೇ ಒಂದು, ಅದು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿರುತ್ತದೆ.

ಅವಳು ನನ್ನನ್ನು ಕರೆಯುವುದು ಮಗಳ ಹೆಸರಿನಿಂದ. ಮಗಳು ಸೋಲ್. ಪೈನ್ ಮರದ ಹಾಗೆ ನೆಟ್ಟಗೆ ಬೆಳೆಯಲಿ ಎಂದು ನಾನೇ ಹಟ ಹಿಡಿದು ಇಟ್ಟ ಹೆಸರು. ಮಗಳು ನೆಟ್ಟಗೇ ಬೆಳೆದಳು, ಮದುವೆಯಾಗಿ ಬೂಸಾನಿಗೆ ಹೋದಳು. ನಾನು ದಿನಕ್ಕೆ ನಲವತ್ತು ಸಲ 'ಸೋಲ್ ಅಪ್ಪ' ಎನ್ನಿಸಿಕೊಂಡು ಇಲ್ಲೇ ಉಳಿದೆ. ಹೆಸರಿಡುವಾಗ ಮನುಷ್ಯ ಸ್ವಲ್ಪ ಮುಂದಾಲೋಚನೆ ಮಾಡಬೇಕು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಹಳೆಯ ಮನೆಯಲ್ಲಿ ಬಚ್ಚಲಿಗೆ ಹೋಗುವುದೆಂದರೆ ಬಾವಿಗೆ ಇಳಿದಂತೆ. ಕೋಣೆಯ ನೆಲಕ್ಕಿಂತ ಬಚ್ಚಲ ನೆಲ ಎಂಟು ಬೆರಳು ಕೆಳಗಿತ್ತು. ಎರಡು ವರ್ಷದ ಹಿಂದೆ ಕಿಮ್ಚಿ ಉಪ್ಪಿನಕಾಯಿ ಹಾಕುವ ಕಾಲಕ್ಕೆ ಯೇಸಾನಿನಿಂದ ಬಂದಿದ್ದ ನಮ್ಮ ಅತ್ತೆ, ಬಚ್ಚಲ ತೊಟ್ಟಿಯಲ್ಲಿ ಉಪ್ಪು ಹಚ್ಚಿ ನೆನೆಯಿಟ್ಟ ಎಲೆಕೋಸನ್ನು ನೋಡಲು ಬಚ್ಚಲಿಗೆ ಹೊರಟವರು ಆ ಎಂಟು ಬೆರಳನ್ನು ಮರೆತರು. ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಅವರು ಮಗನ ಮನೆಯಲ್ಲೇ ಉಳಿದರು, ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಇದರಿಂದ ನನಗಾದ ದುಃಖ ಅಷ್ಟಿಷ್ಟಲ್ಲ ಎಂದು ನಾನು ಹೆಂಡತಿಯ ಮುಂದೆ ಹಲವು ಸಲ ಹೇಳಿದ್ದೇನೆ. ಅವಳು ಒಂದು ಸಲವೂ ನಂಬಲಿಲ್ಲ.

ಊರಂಚಿನ ಹೊಸ ಅಪಾರ್ಟ್‌ಮೆಂಟಿನಲ್ಲಿ ನಮಗೆ ಹನ್ನೆರಡನೇ ಮಹಡಿಯ 1203 ಸಿಕ್ಕಿದಾಗ ಅವಳು ಷರತ್ತು ಹಾಕಿದಳು.

"ಅಮ್ಮ ಬಂದು ನಮ್ಮ ಜೊತೆ ಇರ್ಬೇಕು. ಬಚ್ಚಲಿಗೆ ಒಬ್ಳೇ ಹೋಗ್ಬೇಕು, ಒಬ್ಳೇ ಬರ್ಬೇಕು. ಮೆಟ್ಟಿಲು ನಾಲ್ಕು ಬೆರಳಿಗಿಂತ ಜಾಸ್ತಿ ಇದ್ರೆ ಆಗಲ್ಲ ಅಂತ ಡಾಕ್ಟರು ಹೇಳಿದಾರೆ. ಮಿಕ್ಕಿದ್ದೆಲ್ಲ ನಿಮ್ಮಿಷ್ಟ."

"ನಾಲ್ಕಕ್ಕಿಂತ ಕಡಿಮೆ ಇದ್ರೂ ಆಗಲ್ಲ," ಎಂದೆ ನಾನು.

ಇದು ನಾನು ಅನುಭವದಿಂದ ಹೇಳಿದ ಮಾತು. ಬಚ್ಚಲ ಬಾಗಿಲು ತೆರೆಯುವುದು ಒಳಕ್ಕೆ. ನೆಲ ತಗ್ಗಿನಲ್ಲಿಲ್ಲದಿದ್ದರೆ ಬಾಗಿಲಿನ ಅಡಿಯಂಚು ಒಳಗಿಟ್ಟ ಬಚ್ಚಲ ಚಪ್ಪಲಿಯನ್ನು ಗುಡಿಸಿಕೊಂಡು ಹೋಗಿ ಮೂಲೆಗೆ ತಳ್ಳುತ್ತದೆ. ಆಮೇಲೆ ಸಾಕ್ಸ್ ಹಾಕಿದ ಗೃಹಸ್ಥನೊಬ್ಬ ಬಾಗಿಲ ಚೌಕಟ್ಟು ಹಿಡಿದು, ಒಂಟಿಗಾಲಲ್ಲಿ ನಿಂತು, ಇನ್ನೊಂದು ಕಾಲಿನ ಹೆಬ್ಬೆರಳಿನಿಂದ ಚಪ್ಪಲಿಯನ್ನು ಎಳೆದುಕೊಳ್ಳಬೇಕು. ನನ್ನ ಭಾವಮೈದುನನ ಮನೆಯಲ್ಲಿ ಹದಿನೈದು ವರ್ಷದಿಂದ ಹಬ್ಬಹಬ್ಬಕ್ಕೂ ಈ ನೃತ್ಯ ಮಾಡಿ ಬಂದಿದ್ದೇನೆ. ಆದ್ದರಿಂದ ಅತ್ತೆಯ ಸೊಂಟಕ್ಕೂ ಅಳಿಯನ ಸಾಕ್ಸಿಗೂ ಒಪ್ಪುವ ಅಳತೆ ಒಂದೇ: ನಾಲ್ಕು ಬೆರಳು. ಮದುವೆಯಾದ ಮೇಲೆ ನಾವಿಬ್ಬರೂ ಒಪ್ಪಿದ ಮೊದಲ ಸಂಗತಿ ಇದು.

ಮನೆ ಕೈಗೆ ಬರುವ ಮುಂಚೆ ಮಾಲೀಕರು ಹೋಗಿ ಕುಂದುಕೊರತೆ ಪರೀಕ್ಷಿಸಲು ಒಂದು ದಿನ ಕೊಡುತ್ತಾರೆ. ಕೊರತೆ ಕಂಡಲ್ಲಿ ಹಳದಿ ಚೀಟಿ ಅಂಟಿಸಬೇಕು, ಪಟ್ಟಿ ಬರೆದು ಕೆಳಗಿನ ಮೇಜಿನಲ್ಲಿ ಕೊಡಬೇಕು. ಅಯ್ಯಾ, ನನ್ನಂಥವನಿಗೆ ಇದು ಕೆಲಸವೋ ಜಾತ್ರೆಯೋ! ನಾನು ಬಕೆಟ್, ಅಳತೆ ಟೇಪು, ಪಿಂಗ್‌ಪಾಂಗ್ ಚೆಂಡು ಮತ್ತು ನನ್ನ ಹಳೆಯ ಹಸಿರು ಬಚ್ಚಲ ಚಪ್ಪಲಿಯೊಂದಿಗೆ ಹೊರಟೆ.

"ಬೇರೆಯವ್ರು ಕ್ಯಾಮೆರಾ ತಂದಿದಾರೆ, ನೀವು ಚಪ್ಪಲಿ ಹಿಡ್ಕೊಂಡು ಬಂದಿದೀರಲ್ರೀ," ಎಂದು ಲಿಫ್ಟಿನಲ್ಲಿ ಹ್ವಾಸುನ್ ಮುಖ ಮುಚ್ಚಿಕೊಂಡಳು.

ಲಿಫ್ಟಿನಿಂದ ಇಳಿದರೆ ಎದುರುಬದುರು ಎರಡು ಮನೆ. ಎರಡೂ ಬಾಗಿಲು ನೀಲಿ ಪ್ಲಾಸ್ಟಿಕ್ ಹೊದ್ದುಕೊಂಡಿದ್ದವು, ಮನೆಯ ಸಂಖ್ಯೆಗಳೂ ಹೊದಿಕೆಯೊಳಗೆ. ಎರಡೂ ಆ ದಿನಕ್ಕೆಂದು ತೆರೆದೇ ಇದ್ದವು. ನಾನು ಬಲಕ್ಕೆ ತಿರುಗಿದೆ.

"ಎಡಕ್ಕಲ್ವೇನ್ರೀ ನಮ್ಮದು?"

"ನಕ್ಷೆ ಯಾರ ಕೈಯಲ್ಲಿದೆ?"

"ನಿಮ್ಮ ಕೈಯಲ್ಲೇ ಇದೆ. ಅದ್ರಲ್ಲಿ ಬಚ್ಚಲು ಬಲಗಡೆ ಇದೆ. ಇಲ್ಲಿ ನೋಡಿದ್ರೆ ಎಡಗಡೆ ಇದೆ."

"ನೀನು ಎದುರಿಗೆ ನಿಂತು ನೋಡ್ತಿದೀಯ, ಅದಕ್ಕೆ ಹಾಗೆ ಕಾಣ್ಸುತ್ತೆ. ಅಕ್ಷರ ತಿರುಗಾಮುರುಗಾ ಓದೋದು ನನ್ನ ಕೆಲ್ಸ ಕಣೇ, ನಿನ್ನದಲ್ಲ."

ಅವಳು ವಾದ ಬಿಟ್ಟು ನನ್ನ ಹಿಂದೆಯೇ ಒಳಗೆ ಬಂದಳು. ನಮ್ಮ ಮನೆಯಲ್ಲಿ ಅವಳು ಅರ್ಧಕ್ಕೆ ವಾದ ಬಿಡುವುದು ವರ್ಷಕ್ಕೆ ಒಂದೆರಡು ಸಲ. ಅಂಥ ಹೊತ್ತಲ್ಲಿ ನಾನು ಎಚ್ಚರವಾಗಬೇಕಿತ್ತು, ಬದಲಿಗೆ ಗೆದ್ದೆ ಎಂದುಕೊಂಡೆ.

ಬಚ್ಚಲು ನೋಡಿದರೆ ಕರಡು ತಿದ್ದುವವನಿಗೆ ಸಿಕ್ಕ ಮೃಷ್ಟಾನ್ನ! ನೆಲ ಕೋಣೆಯ ನೆಲಕ್ಕೆ ಸರಿಸಮ, ಒಂದು ಬೆರಳೂ ತಗ್ಗಿಲ್ಲ. ಬಕೆಟ್ ನೀರು ಸುರಿದೆ. ನೀರು ಮೂಲೆಯಲ್ಲಿದ್ದ ತೂಬಿನ ಜಾಲರಿಯನ್ನು ಕಣ್ಣೆತ್ತಿಯೂ ನೋಡದೆ ನೇರ ಬಾಗಿಲಿಗೆ ಬಂತು. ಚೆಂಡು ಬಿಟ್ಟೆ. ಅದೂ ನೀರಿನ ಪಕ್ಷವನ್ನೇ ಸೇರಿತು. ಚಪ್ಪಲಿ ಇಟ್ಟು ಬಾಗಿಲು ತಳ್ಳಿದೆ. ಎಡಗಾಲಿನದು ಬಾಗಿಲಡಿಗೆ ಹೋಗಿ ಕಚ್ಚಿಕೊಂಡದ್ದು ಎಳೆದರೂ ಬರಲಿಲ್ಲ, ಒದ್ದರೂ ಬರಲಿಲ್ಲ.

"ಇರ್ಲಿ ಬಿಡು, ಸಾಕ್ಷಿಗಿರುತ್ತೆ," ಎಂದು ಅದರ ಮೇಲೇ ಒಂದು ಚೀಟಿ ಅಂಟಿಸಿದೆ: 'ಈ ಬಾಗಿಲು ಚಪ್ಪಲಿ ತಿನ್ನುತ್ತದೆ.' ತೂಬಿನ ಹತ್ತಿರ ಇನ್ನೊಂದು: 'ಇಲ್ಲಿಯ ನೀರಿಗೆ ಹೊರಗೆ ಹೋಗುವ ಮನಸ್ಸಿಲ್ಲ, ಮನೆಯವರೊಂದಿಗೆ ಕೂತು ಟಿವಿ ನೋಡುವ ಆಸೆ.' ಹೀಗೆ ಮೂವತ್ತೊಂದು ಚೀಟಿ. ಕೆಳಗೆ ಹೋಗಿ ಪಟ್ಟಿ ಕೊಟ್ಟೆ. 1203 ಎಂದು ದಪ್ಪಗೆ ಬರೆದು, ಮುಖ್ಯವಾದ ಎರಡು ಬೇಡಿಕೆಗಳ ಕೆಳಗೆ ಕೆಂಪು ಗೆರೆ ಎಳೆದೆ: ಬಚ್ಚಲ ನೆಲವನ್ನು ಈಗಿರುವುದಕ್ಕಿಂತ ನಾಲ್ಕು ಬೆರಳು ಕೆಳಗಿಳಿಸತಕ್ಕದ್ದು, ನೆಲದ ವಾಟವನ್ನು, ಅಂದರೆ ನೀರು ಹರಿಯುವ ಇಳಿಜಾರನ್ನು, ಪೂರ್ತಿ ಎದುರು ದಿಕ್ಕಿಗೆ ತಿರುಗಿಸತಕ್ಕದ್ದು. ಒಂದಕ್ಷರ ತಪ್ಪಿರಲಿಲ್ಲ.

ಹತ್ತು ದಿನದ ಮೇಲೆ ಫೋನು ಬಂತು.

"ನಮಸ್ಕಾರ ಸಾರ್, ನಾನು ಕ್ವಾಕ್ ಮೇಸ್ತ್ರಿ. ನಿಮ್ಮ ಬಚ್ಚಲಲ್ಲೇ ನಿಂತಿದೀನಿ. ನೀರು ಹಾಕ್ದೆ, ಸರ್ರಂತ ತೂಬಿಗೇ ಹೋಗ್ತಿದೆಯಲ್ಲ ಸಾರ್?"

"ನಾನು ಕಣ್ಣಾರೆ ನೋಡಿದೀನ್ರೀ ಮೇಸ್ತ್ರಿ."

"ಈಗ ನೋಡ್ತಿರೋದು ನಾನು ಸಾರ್. ಮಟ್ಟಾನೂ ಸರಿಯಾಗಿದೆ. ಚಪ್ಪಲೀನೂ ಸಿಕ್ಕಿಕೊಳ್ತಿಲ್ಲ."

"ನೋಡಿ, ತಪ್ಪು ಮಾಡಿದೋರು ಮೊದ್ಲು ಹೇಳೋ ಮಾತೇ 'ಸರಿಯಾಗಿದೆ' ಅನ್ನೋದು. ಇಪ್ಪತ್ತಾರು ವರ್ಷದಿಂದ ಕೇಳ್ತಿದೀನಿ. ನಿಮ್ಮ ಮಟ್ಟ ನಿಮಗಿರ್ಲಿ. ಬರೆದದ್ದನ್ನ ಬರೆದ ಹಾಗೇ ಮಾಡಿ!"

"ವಾಟ ತಿರುಗಿಸಿದ್ರೆ ಆಮೇಲೆ..."

"ಆಮೇಲಿಂದು ನನಗೆ ಬಿಡಿ!"

"ಆಯ್ತು ಸಾರ್," ಎಂದ ಕ್ವಾಕ್, ಬಹಳ ಮೆತ್ತಗೆ. "ಹೇಳೋದು ಮರೆತೆ, ಈ ಮಾತುಕತೆ ರೆಕಾರ್ಡ್ ಆಗ್ತಿದೆ."

ಆಗಲಿ, ಮುಂದಿನ ಪೀಳಿಗೆ ಕೇಳಿ ಕಲಿಯಲಿ ಎಂದೆ. ಫೋನು ಇಟ್ಟ ಮೇಲೆ ಹ್ವಾಸುನ್ ಅನುಮಾನದಿಂದ, "ಒಂದ್ಸಲ ಹೋಗಿ ನೋಡ್ಕೊಂಡು ಬರೋಣ ರೀ. ಆ ಮನುಷ್ಯ ಸುಳ್ಳು ಹೇಳೋ ಹಾಗೆ ಕೇಳಿಸ್ಲಿಲ್ಲ," ಎಂದಳು. ಅವಳದು ಮೃದು ಹೃದಯ. ನನ್ನ ವಿಷಯವೊಂದನ್ನು ಬಿಟ್ಟು ಎಲ್ಲ ಗಂಡಸರ ಮಾತನ್ನೂ ನಂಬುತ್ತಾಳೆ. ನಾನು ಬಿಡಲಿಲ್ಲ.

ಸಾಮಾನು ಸಾಗಿಸಿದ ದಿನ ಕೂಲಿಗಳು 1203 ಎಂಬ ಸಂಖ್ಯೆ ನೋಡಿ ನುಗ್ಗಿದ ಬಾಗಿಲಿಗೆ ನಾವೂ ಪೆಟ್ಟಿಗೆಗಳ ಹಿಂದೆಯೇ ನುಗ್ಗಿದೆವು. ಅವಳು ಎಲ್ಲಕ್ಕಿಂತ ಮೊದಲು ಬಚ್ಚಲ ಬಾಗಿಲು ತೆರೆದಳು. ಒಂದು ಹೆಜ್ಜೆ ಇಟ್ಟಳು. ಎಂಟು ಬೆರಳು ಗಿಡ್ಡಳಾದಳು.

ಹೌದು, ಎಂಟು. ನಾನು ನಾಲ್ಕು ಸಲ ಅಳೆದೆ. ಅತ್ತೆಯ ಸೊಂಟ ಮುರಿದ ಅಳತೆಯೇ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಚೆಂಡನ್ನು ತೂಬಿನ ಪಕ್ಕದಲ್ಲಿಟ್ಟೆ. ಅದು ತೂಬಿಗೆ ಬೆನ್ನು ತಿರುಗಿಸಿ, ಬಚ್ಚಲನ್ನು ಉದ್ದಕ್ಕೂ ದಾಟಿ ಬಾಗಿಲ ಬುಡಕ್ಕೆ ಬಂದು ನಿಂತು ನನ್ನ ಮುಖ ನೋಡಿತು.

"ಆ ಕ್ವಾಕ್ ಬೇಕಂತ್ಲೇ ಮಾಡಿದಾನೆ!" ಎಂದು ಕೂಗಾಡಿ ಫೋನು ಮಾಡಿದೆ. ಅವನು ನೇರ ರೆಕಾರ್ಡ್ ಹಾಕಿದ. ನನ್ನ ದನಿ ನನಗೇ ಕೇಳಿಸಿತು: 'ಬರೆದದ್ದನ್ನ ಬರೆದ ಹಾಗೇ ಮಾಡಿ!' ಉಚ್ಚಾರಣೆ ಸ್ಪಷ್ಟವಾಗಿತ್ತು. ಮತ್ತೆ ಒಡೆದು ಕಟ್ಟಬೇಕಾದರೆ ನಮ್ಮ ಸರದಿ ಬರುವುದು ವಸಂತದಲ್ಲಂತೆ. ಅತ್ತೆ ಬರುವುದು ಭಾನುವಾರ.

ಹ್ವಾಸುನ್ ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬಚ್ಚಲ ಹೊಸ್ತಿಲ ಮೇಲೆ ಕೂತು ಕಾಲು ಇಳಿಬಿಟ್ಟುಕೊಂಡು, "ಅಮ್ಮಂಗೆ ಎರಡು ವರ್ಷದಿಂದ ಹೇಳ್ತಿದ್ದೆ, ಹೊಸ ಮನೇಲಿ ನೀನು ಯಾರ ಕೈನೂ ಹಿಡೀಬೇಕಾಗಿಲ್ಲ ಅಂತ. ಈಗ ಬರ್ಬೇಡ ಅಂತ ಹೇಗೆ ಹೇಳ್ಲಿ?" ಎಂದಳು. ನನಗೆ ಮಾತ್ರ ತಪ್ಪು ಎಲ್ಲಿದೆ ಎಂದು ಹೊಳೆಯಲಿಲ್ಲ. ಪಟ್ಟಿಯ ನಕಲನ್ನು ಆರು ಸಲ ಓದಿದೆ. ಅದರಲ್ಲಿ ತಪ್ಪೇ ಇರಲಿಲ್ಲ!

ತಪ್ಪು ಶುಕ್ರವಾರ ಸಂಜೆ ತಾನಾಗಿಯೇ ಬಂದು ಕರೆಗಂಟೆ ಒತ್ತಿತು. ಎದುರುಮನೆ 1204ಕ್ಕೆ ಹೊಸದಾಗಿ ಬಂದ ಮೋ ಎಂಬ ಹೆಂಗಸು, ಈಜು ಕಲಿಸುವ ಟೀಚರಂತೆ, ಹೊಸ ಮನೆಗೆ ಬಂದವರು ನೆರೆಯವರಿಗೆ ಹಂಚುವ ಕೆಂಪು ಕಾಳಿನ ಅಕ್ಕಿ ಕಡುಬು ಹಿಡಿದು ನಿಂತಿದ್ದಳು. ಇನ್ನೂ ಬಿಸಿಯಾಗಿತ್ತು. ಇನ್ನೊಂದು ಕೈಯಲ್ಲಿ ಒಂದು ಹಸಿರು ಚಪ್ಪಲಿ, ಎಡಗಾಲಿನದು.

"ಇದರ ಅಡಿಯಲ್ಲಿ 'ತಾಕ್' ಅಂತ ಬರೆದಿದೆ, ನಿಮ್ಮ ಬಾಗಿಲ ಮೇಲೂ ತಾಕ್ ಅಂತಾನೇ ಇದೆ. ಅದಕ್ಕೆ ಕೇಳೋಣ ಅಂತ ಬಂದೆ," ಎಂದಳು.

ತಾಕ್ ನನ್ನ ಮನೆತನದ ಹೆಸರು. ಬರೆದವಳು ಹ್ವಾಸುನ್, ಸಾರ್ವಜನಿಕ ಸ್ನಾನಗೃಹದಲ್ಲಿ ಅದಲುಬದಲಾಗದಿರಲಿ ಎಂದು. ಬರೆದವಳು ಈಗ ನನ್ನ ಹಿಂದೆಯೇ ನಿಂತಿದ್ದಳು.

"ನಮ್ಮ ಬಚ್ಚಲ ಬಾಗಿಲಡಿ ಸಿಕ್ಕಿಕೊಂಡಿತ್ತು. ಪರೀಕ್ಷೆ ದಿನ ನಾನು ಬರೋದು ತಡ ಆಯ್ತು ನೋಡಿ. ಬಂದು ನೋಡಿದ್ರೆ ಯಾರೋ ಪುಣ್ಯಾತ್ಮರು ಮೂವತ್ತೊಂದು ಚೀಟಿ ಅಂಟಿಸಿ ಹೋಗಿದಾರೆ! ನಾನು ಹಾಗ್ಹಾಗೇ ನಕಲು ಮಾಡಿ ಕೊಟ್ಟೆ. ಮೇಸ್ತ್ರಿ ಎಲ್ಲ ಸರಿ ಮಾಡಿಕೊಟ್ಟ. ಆ ಟಿವಿ ನೋಡೋ ನೀರಿನ ಚೀಟಿನ ನಾನು ಇನ್ನೂ ಎತ್ತಿಟ್ಕೊಂಡಿದೀನಿ. ಎಷ್ಟು ನಕ್ಕೆ ಅಂತೀರ!"

ನಾನು ನಗಲಿಲ್ಲ. ಹಿಂದಿನಿಂದ ಒಂದು ದನಿ, ಬಹಳ ನಿಧಾನವಾಗಿ, "ಎಡಕ್ಕಲ್ವೇನ್ರೀ ನಮ್ಮದು ಅಂತ ನಾನು ಕೇಳಿದ್ದೆ, ಅಲ್ವಾ ಸೋಲ್ ಅಪ್ಪ?" ಎಂದಿತು.

ಇಪ್ಪತ್ತಾರು ವರ್ಷ ಪರರ ಪುಸ್ತಕದಲ್ಲಿ ಕಾಮಾ ಹುಡುಕಿದವನು ನಾನು. ಬೇರೆಯವರ ಪುಸ್ತಕ ತಿದ್ದಿ, ನಮ್ಮ ಹೆಸರಿನ ಮೇಲೆ ಅಚ್ಚಿಗೆ ಕಳಿಸಿದ್ದೆ. ನಮ್ಮ ಬಚ್ಚಲು ಮೊದಲಿನಿಂದ ನಾಲ್ಕು ಬೆರಳಿತ್ತು. ನೀರು ಮೊದಲಿನಿಂದ ತೂಬಿಗೇ ಹೋಗುತ್ತಿತ್ತು. ಸಮುದ್ರಕ್ಕೆ ಹೊರಟ ನದಿಯನ್ನು ಬೆಟ್ಟ ಹತ್ತಿಸಿದವನು ಈ ಸಲ ನಾನೇ.

"ಮೋ ಅವರೇ," ಎಂದಳು ಹ್ವಾಸುನ್, ಕಡುಬಿನ ತಟ್ಟೆ ಇಸಿದುಕೊಳ್ಳುತ್ತ, "ನಿಮ್ಮ ಬಚ್ಚಲ ಮೆಟ್ಟಿಲು ಈಗ ಎಷ್ಟು ಬೆರಳಿದೆ?"

ಹೀಗಾಗಿ ನಮ್ಮ ಅತ್ತೆ ಭಾನುವಾರ ಬಂದರು, ಇಲ್ಲೇ ಇದ್ದಾರೆ. ದಿನಾ ಬೆಳಿಗ್ಗೆ ಹತ್ತಕ್ಕೆ ಊರುಗೋಲು ಹಿಡಿದು ಎದುರುಮನೆಗೆ ಸ್ನಾನಕ್ಕೆ ಹೋಗುತ್ತಾರೆ. ಮಿಕ್ಕ ಹೊತ್ತಿನ ಅಗತ್ಯಗಳಿಗೆ ನಮ್ಮ ಬಚ್ಚಲಿಗೇ ಇಳಿಯಬೇಕಲ್ಲ, ಮನೆಯಲ್ಲಿರುವಷ್ಟು ಹೊತ್ತು ಕೈ ಹಿಡಿದು ಇಳಿಸುವವನು ನಾನು. ಅತ್ತೆಯ ಸ್ನಾನದ ಹೊತ್ತಿಗೆ ಸರಿಯಾಗುವಂತೆ ಕಚೇರಿಯಲ್ಲಿ ಕೆಲಸವನ್ನು ಮಧ್ಯಾಹ್ನದ ಪಾಳಿಗೆ ಹಾಕಿಸಿಕೊಂಡಿದ್ದೇನೆ. ಇದು ನನ್ನ ಬೇಡಿಕೆಯಲ್ಲ, ಹ್ವಾಸುನ್ ತಿದ್ದಿದ ಕರಡು.

ಮೊದಲ ದಿನ ನಾನು ಟವಲು, ಸೋಪಿನ ಬುಟ್ಟಿ ಹಿಡಿದು 1204ರ ಬಾಗಿಲ ಹೊರಗೆ ನಿಂತಿದ್ದೆ. ಅತ್ತೆಯ ಕಾಲಿಗೆ ನನ್ನ ಹಸಿರು ಚಪ್ಪಲಿ, ಈಗ ಜೋಡಿ ಕೂಡಿತ್ತಲ್ಲ. ಒಳಗಿನಿಂದ ನೀರು ಸರ್ರನೆ ತೂಬಿಗೆ ಇಳಿಯುವ ಸದ್ದು ಕೇಳಿಸುತ್ತಿತ್ತು.

"ಏನು ಚೆನ್ನಾಗಿದೆಯಮ್ಮ ನಿನ್ನ ಬಚ್ಚಲು!" ಎಂದರು ಅತ್ತೆ. "ಕಾಲು ಇಟ್ಟದ್ದೇ ಗೊತ್ತಾಗಲಿಲ್ಲ. ಒಂದು ಹನಿ ನೀರು ನಿಲ್ಲಲ್ಲ. ಯಾರು ನಿಂತು ಮಾಡಿಸಿದ್ದು?"

"ನಿಮ್ಮ ಅಳಿಯಂದಿರೇ ಅಜ್ಜಿ. ಎಲ್ಲ ಅವರೇ ನೋಡಿ ಬರೆದುಕೊಟ್ಟಿದ್ದು," ಎಂದಳು ಮೋ.

ನನ್ನ ಎದೆ ತುಂಬಿ ಬಂತು. ಮೂವತ್ತು ವರ್ಷದಲ್ಲಿ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳುವ ಗಳಿಗೆ ಬಂದೇ ಬಿಟ್ಟಿತು ಎಂದು ಕಿವಿಯನ್ನು ಬಾಗಿಲಿಗೆ ಹಚ್ಚಿದೆ.

"ತಮಾಷೆ ಮಾಡ್ಬೇಡ ಮಗು," ಎಂದರು ಅತ್ತೆ. "ಅವರು ಮಾಡಿಸಿದ ಬಚ್ಚಲು ಎದುರುಗಡೆ ಇದೆ, ನೋಡಿ ಬಂದಿದೀನಿ."