ತೊಟ್ಟಿಲಿಗೆ ಬ್ರಶ್ ಮುಟ್ಟಿಸದವರು

ನಮ್ಮ ಮನೆಯವರಿಗೆ ತಲೆ ಕೆಟ್ಟಿಲ್ಲ. ಬೇಕಾದರೆ ದೇವರ ಮುಂದೆ ನಿಂತು ಹೇಳುತ್ತೇನೆ. ಆದರೆ ದೇವರು ನಂಬಬೇಕಲ್ಲ? ನಮ್ಮ ದೇವರ ಜಗಲಿಯ ಮೇಲಿರುವ ಬಸವಣ್ಣನಿಗೆ ಈಗ ಒಂದು ಕೋಡು ಹಿತ್ತಾಳೆ, ಇನ್ನೊಂದು ಕೋಡು ಕೆಂಪು! ಬಣ್ಣ ಹೊಡೆಯುವಾಗ ಅವರೇನೂ ಬಸವಣ್ಣನಿಗೆ ಗುರಿ ಇಟ್ಟಿರಲಿಲ್ಲ. ಹೊರಗೆ ನಿಂತು ಕಿಟಕಿಯ ಬಾಗಿಲಿಗೆ ಇಟ್ಟಿದ್ದರು. ಕಿಟಕಿ ತೆರೆದಿತ್ತು, ಅಷ್ಟೆ.

ಇಷ್ಟಕ್ಕೆಲ್ಲ ಕಾರಣ ನನ್ನ ಮೊಮ್ಮಗಳು. ಹೌದು, ನಾನು ಅಜ್ಜಿಯಾಗಿದ್ದೇನೆ! ಈ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗಿಲ್ಲ. ಜತ್ತಿನಿಂದ ಊರಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರ್ "ತಿಕೀಟ" ಎಂದ, ನಾನು "ಮೊಮ್ಮಗಳು" ಎಂದೆ. ಪಾಪ, ಅವನೂ ನಕ್ಕು "ಅಕೀಗಿ ತಿಕೀಟ ಬ್ಯಾಡ್ರಿ, ನಿಮಗಟ ತಗೋರಿ" ಎಂದ. ಕೂಸಿನ ಬಣ್ಣ ಹೇಗಿದೆ, ಮೂಗು ಯಾರದು, ಆಕಳಿಸಿದರೆ ಎಷ್ಟು ಚಂದ, ಇದನ್ನೆಲ್ಲ ಹೇಳುತ್ತ ಕೂತರೆ ಬರೆಯಬೇಕೆಂದಿದ್ದು ಉಳಿದುಬಿಡುತ್ತದೆ. ತೊಟ್ಟಿಲಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು, ಕೂಸಿನ ತೊಟ್ಟಿಲೂ ತವರಿನದು. ಹೆಸರಿಡುವ ದಿನ ಬೀಗರೆಲ್ಲರ ಮುಂದೆ ಕೂಸು ಆ ತೊಟ್ಟಿಲಲ್ಲಿ ಮಲಗಬೇಕು. ಸನಮಡಿಯಿಂದ ನಮ್ಮ ಬೀಗತಿ, ಅಂದರೆ ಮಗಳು ಗಿರಿಜಾಳ ಅತ್ತೆ, ಫೋನು ಮಾಡಿದರು.

"ಅಕ್ಕಾರ, ತೊಟ್ಟಲಾ ನೀವ ಕೊಡ್ತೀರೇನ್ರಿ, ಇಲ್ಲಾ ನಾವ ತರೂನ?"

ಇಷ್ಟೇ ಮಾತು. ಇದರಲ್ಲಿ ಎಷ್ಟು ಖಾರವಿದೆ ಎಂಬುದು ಹೆಣ್ಣು ಕೊಟ್ಟವರಿಗೆ ಗೊತ್ತು!

ನಮ್ಮಲ್ಲಿ ತೊಟ್ಟಿಲು ಇತ್ತು. ಗಿರಿಜಾ ಮಲಗಿದ್ದ ಸಾಗವಾನಿ ತೊಟ್ಟಿಲು. ಅಟ್ಟದ ಮೇಲೆ ಹಳೆಯ ಕೌದಿಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಕೂತಿತ್ತು. ಇಳಿಸಿ ನೋಡಿದರೆ ಬಣ್ಣವೆಲ್ಲ ಸುಲಿದು ಹೋಗಿದೆ.

"ಬಡಿಗೇರನ್ನ ಕರೀರಿ" ಎಂದೆ. "ರಂಧಾ ಹೊಡದು, ಮ್ಯಾಲಿನ ಪದರ ಕೆತ್ತಿ ಚಂದಂಗ ನುಣುಪ ಮಾಡ್ಲಿ. ಮ್ಯಾಲ ಬ್ರಶ್ಶಿಲೆ ಬಣ್ಣಾ ಹಚ್ಚರಿ. ಮುಗೀತು."

ನಮ್ಮವರು ತೊಟ್ಟಿಲನ್ನು ಸುತ್ತಲೂ ಕೈಯಾಡಿಸಿ ನೋಡಿದರು. ಒಂದು ಕಡೆ ಕೈ ನಿಂತಿತು. ಆಮೇಲೆ ಕೋರ್ಟಿನ ತೀರ್ಪಿನ ಹಾಗೆ ಹೇಳಿದರು:

"ರಂಧಾ ಹೊಡಸೂದಿಲ್ಲ. ಬ್ರಶ್ ಮುಟ್ಟಸೂದಿಲ್ಲ. ಸ್ಪ್ರೇ ಗನ್ನಿಲೆ ಹೊಡೀತೀನಿ."

"ಬ್ರಶ್ಶಿಗೇನ ಧಾಡಿ ಆಗೇತ್ರಿ?"

"ಬ್ರಶ್ಶಿನ ಬಣ್ಣಾ ದಪ್ಪ ಕುಂದರತೈತಿ."

"ಕುಂದರಲಿ ಬಿಡ್ರಿ! ದಪ್ಪ ಕುಂತದ್ದು ಭಾಳ ದಿನಾ ಕುಂದರತೈತಿ."

ಮಾತಿನಲ್ಲಿ ಸೋತಾಗಲೆಲ್ಲ ಹೋಗುವಂತೆ ಎದ್ದು ವರ್ಕ್‌ಶಾಪಿಗೆ ಹೋದರು. ವರ್ಕ್‌ಶಾಪು ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ನಮ್ಮ ದನದ ಕೊಟ್ಟಿಗೆಯ ಅರ್ಧ. ಉಳಿದರ್ಧದಲ್ಲಿ ಎಮ್ಮೆ ಇದೆ. ಎಮ್ಮೆಯ ಅರ್ಧದಿಂದ ಹಾಲು ಬರುತ್ತದೆ, ನಮ್ಮವರ ಅರ್ಧದಿಂದ ಬರೀ ಸದ್ದು ಬರುತ್ತದೆ.

ಮೊದಲು ಹೊಸ ಗನ್ ನೋಡೋಣವೆಂದು ಸಾಂಗಲಿಗೆ ಹೊರಟರು. ಕೂಸಿಗೆ ಕುಂಚಿಗೆ ತರಬೇಕಿತ್ತು, ನಾನೂ ಹೋದೆ. ಅಂಗಡಿಯ ಹುಡುಗ ಬಗೆಬಗೆಯ ಗನ್ ತೆಗೆದು ಸಾಲಾಗಿ ಇಟ್ಟ. ಬಣ್ಣದ ಬಟ್ಟಲು ತಲೆಯ ಮೇಲೆ ಇರುವುದೊಂದು, ಹೊಟ್ಟೆಯ ಕೆಳಗೆ ನೇತಾಡುವುದೊಂದು, ನೇರವಾಗಿ ಕರೆಂಟಿಗೆ ಚುಚ್ಚುವುದೊಂದು. ನಮ್ಮವರು ಒಂದೊಂದನ್ನೂ ಎತ್ತಿ ನೋಡಿದರು, ತಿರುಗಿಸಿ ನೋಡಿದರು, ಮೂತಿಯ ತೂತಿಗೆ ಕಣ್ಣಿಟ್ಟು ನೋಡಿದರು. ಒಂದರ ಕೈ ಸಡಿಲ, ಇನ್ನೊಂದರ ಮೂತಿ ಅಗಲ, ಮತ್ತೊಂದು ಕೆಮ್ಮುತ್ತದಂತೆ! ನನ್ನನ್ನು ನೋಡಲು ಬಂದಿದ್ದ ದಿನ ಇವರು ಉಪ್ಪಿಟ್ಟಿನ ತಾಟಿನಿಂದ ತಲೆ ಎತ್ತಿರಲಿಲ್ಲ. ಅವತ್ತು ಇಷ್ಟು ವಿಚಾರ ಮಾಡಿದ್ದರೆ ಇಬ್ಬರೂ ಬಚಾವಾಗುತ್ತಿದ್ದೆವು.

ಯಾವ ಗನ್ನೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಬಣ್ಣದ ಡಬ್ಬಿಯತ್ತ ತಿರುಗಿ ಮರಾಠಿಯಲ್ಲಿ ಒಂದು ಪ್ರಶ್ನೆ ಕೇಳಿದರು. ನನಗೆ ನೆಲ ಬಿರಿಯಬಾರದೇ ಅನಿಸಿತು. "ಇದನ್ನು ತಿಂದರೆ ಏನೂ ಆಗುವುದಿಲ್ಲ ತಾನೆ?" ಎಂದು ಕೇಳಿದ್ದರು!

ಹುಡುಗ ಕೈಮುಗಿದ. "ಕಾಕಾ, ರಂಗ ಲಾವಾಯಚಾ ಆಸತೋ, ಖಾಯಚಾ ನಾಹೀ!" ಬಣ್ಣ ಹಚ್ಚುವುದಕ್ಕೆ ಇರುತ್ತದೆ, ತಿನ್ನುವುದಕ್ಕಲ್ಲ ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡು, ಈ ಮನುಷ್ಯನ ಪರಿಚಯವೇ ಇಲ್ಲದವಳ ಹಾಗೆ ಪೈಪುಗಳನ್ನು ನೋಡುತ್ತ ನಿಂತೆ. ಇವರು ಮಾತ್ರ ನಗಲಿಲ್ಲ, ನಾಚಲೂ ಇಲ್ಲ. ಮಾಲೀಕ ಬರುವವರೆಗೂ ಕಾದು, ಅದೇ ಪ್ರಶ್ನೆ ಕೇಳಿ, ಮಕ್ಕಳ ಆಟಿಕೆಗೆ ಹಚ್ಚುವಂಥ, ನೀರಿನಲ್ಲಿ ಕಲಸುವ ಕೆಂಪು ಬಣ್ಣದ ಡಬ್ಬಿ ಕೊಂಡರು. ಗನ್ ತರಲು ಹೋದವರು ಗನ್ ಬಿಟ್ಟು ಬಣ್ಣ ತಂದೆವು.

ಈಗ ಹೊಡೆಯುವುದು ಯಾವುದರಿಂದ? ಮುಚ್ಚಂಡಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಮೌಲಾಸಾಬ ಇವರ ಜೀವದ ಗೆಳೆಯ. ಅವನು ಒಂದು ಉಪಾಯ ಹೇಳಿದ. "ದಾಳಿಂಬ್ರಿಗೆ ಔಷಧ ಹೊಡಿಯೂ ಪಂಪ ಐತೆಲ್ಲ ದೋಸ್ತ? ಅದೂ ಸ್ಪ್ರೇ, ಇದೂ ಸ್ಪ್ರೇ!"

ಇವರು ಪಂಪನ್ನು ಬೆನ್ನಿಗೆ ಕಟ್ಟಿಕೊಂಡು, ಮನೆಯಲ್ಲಿದ್ದ ಹಳೆಯ ಕೆಂಪು ಬಣ್ಣ ತುಂಬಿಕೊಂಡು ಅಂಗಳಕ್ಕೆ ಇಳಿದರು. ದಾಳಿಂಬೆ ಗಿಡವನ್ನು ತೋಯಿಸಲು ಮಾಡಿದ ಪಂಪಿಗೆ ಕಿಟಕಿ ಯಾವುದು, ಮನೆ ಯಾವುದು ಎಂದು ಹೇಗೆ ಗೊತ್ತಾಗಬೇಕು? ಬಸವಣ್ಣನ ಕೋಡು ಕೆಂಪಾದದ್ದು ಆಗಲೇ. ಎಮ್ಮೆಯ ಒಂದು ಪಕ್ಕೆ ಕೆಂಪಾಯಿತು. ಅಂಗಳದಂಚಿನ ದಾಳಿಂಬೆ ಗಿಡವಂತೂ ಹೂವು ಬಿಡುವ ಮೊದಲೇ ಎಲೆಎಲೆಯೂ ಕೆಂಪಾಗಿ ನಿಂತಿತು. ದಾರಿಯಲ್ಲಿ ಹೋಗುತ್ತಿದ್ದ ಬಾಲಗಾಂವದ ರೈತರೊಬ್ಬರು ಬೈಕು ನಿಲ್ಲಿಸಿ ಕಣ್ಣರಳಿಸಿದರು.

"ಇದ್ಯಾವ ತಳೀರಿ ಸಾಹುಕಾರ್ರ?"

"ಹೊಸಾದ್ರಿ" ಎಂದರು ನಮ್ಮವರು, ಮುಖದ ಮೇಲಿನ ಬಣ್ಣ ಒರೆಸಿಕೊಳ್ಳುತ್ತ.

"ನಮಗೊಂದ ಟೊಂಗಿ ಕೊಡ್ರೆಲಾ!"

ಕೊಟ್ಟರು! ಆ ಟೊಂಗೆ ಈಗ ಬಾಲಗಾಂವದಲ್ಲಿ ಹಸಿರಾಗಿ ಚಿಗುರಿ, ಆ ರೈತರು ನಮ್ಮ ಮಣ್ಣಿನ ಗುಣವೇ ಬೇರೆ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ.

ಇಷ್ಟಾದ ಮೇಲೆ, ಹೋಗಲಿ, ತೊಟ್ಟಿಲಿಗೂ ಅದರಿಂದಲೇ ಹೊಡೆದು ಮುಗಿಸುತ್ತಾರೆ ಎಂದುಕೊಂಡೆ. ಇಲ್ಲ. ಪಂಪನ್ನು ತೊಳೆದು ಮೂಲೆಗಿಟ್ಟರು.

"ಇದರಾಗ ವಿಷಾ ಹೊಡದೇವಿ. ಎಷ್ಟ ತೊಳದ್ರೂ ತೊಟ್ಟಲಕ್ಕ ನಡ್ಯಾಂಗಿಲ್ಲ."

"ಹಂಗಿದ್ರ ಮನಿಗೆಲ್ಲಾ ಯಾಕ ಹೊಡದ್ರಿ?"

"ಕೈ ಪಳಗಲಿ ಅಂತ."

ಮೌಲಾಸಾಬನಿಗೆ ತಪ್ಪಿನ ಅರಿವಾಯಿತೋ ಏನೋ, ಅಂಗಡಿಯ ಮೂಲೆಯಿಂದ ಒಂದು ಹಳೆಯ ಸ್ಪ್ರೇ ಗನ್ ಹುಡುಕಿ ತಂದ. ಅವನ ಅಣ್ಣ ಹಿಂದೆ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದನಂತೆ. ಎಷ್ಟು ಲಾರಿಗಳ ಬಣ್ಣ ಅದರ ಮೇಲೆ ಒಣಗಿ ಕೂತಿತ್ತೆಂದರೆ, ಒಳಗೆ ಗನ್ ಇದೆ ಎಂದು ನಂಬಿಕೊಂಡು ಕೆರೆಯಬೇಕಿತ್ತು. ನಮ್ಮವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಮನೆಯಲ್ಲಿ ಎರಡು ಕೂಸುಗಳಾದವು!

ಆಮೇಲಿನ ಸೇವೆ ಏನು ಹೇಳಲಿ? ಒಳಗೆ ನಾನು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದರೆ ಕೊಟ್ಟಿಗೆಯಲ್ಲಿ ಇವರು ಗನ್ನಿನ ಬಿಡಿಭಾಗಗಳನ್ನು ಥಿನ್ನರಿನಲ್ಲಿ ನೆನೆಹಾಕಿ ತಿಕ್ಕುತ್ತಿದ್ದರು. ಥಿನ್ನರ್ ಇದ್ದದ್ದು ನನ್ನ ಹೋಳಿಗೆ ಹೂರಣದ ಪಾತೇಲಿಯಲ್ಲಿ. ಮೂತಿಯ ತೂತಿಗೆ ತಂತಿ ಹಾಕಿದರೆ ತೂತು ಹರಿದು ಅಗಲವಾಗುತ್ತದಂತೆ, ಅದಕ್ಕೆ ನನ್ನ ಕಸಬರಿಗೆಯಿಂದ ಒಂದೊಂದೇ ಕಡ್ಡಿ ಕಿತ್ತು ಹಾಕಿದರು. ಕಸಬರಿಗೆ ಸಣಕಲಾಯಿತು. ಒಳಗಿನ ಚರ್ಮದ ವಾಷರ್ ಬಿಲ್ಲೆ ಒಣಗಿ ಪುಡಿಯಾಗಿತ್ತು. ಹೊಸದು ಎಲ್ಲಿಂದ ತಂದರು? ಮರುದಿನ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ, ನೋಡಿದರೆ ಹಿಮ್ಮಡಿಯ ಹತ್ತಿರ ದುಂಡಗೆ ಒಂದು ತೂತು!

ಉರಿದುಹೋಯಿತು. "ನನ್ನ ಚಪ್ಪಲಿನ ಸಿಗಬೇಕೇನ್ರಿ ನಿಮಗ?"

"ನಿನ್ನೂ ಚಲೋ ಚರ್ಮದ್ದ ಅದಾವ" ಎಂದರು, ಹೊಗಳಿಕೆ ಎಂಬಂತೆ.

ಇನ್ನೊಂದು ಮಾತು ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮನುಷ್ಯ ತಾವು ಕುಡಿದ ಚಹಾದ ಕಪ್ಪನ್ನು ತೊಳೆದಿಲ್ಲ. ಎತ್ತಿ ಬಚ್ಚಲಿಗೂ ಇಟ್ಟಿಲ್ಲ. ಗನ್ನಿನ ಕಪ್ಪನ್ನು ಮಾತ್ರ ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ತೊಳೆಯುತ್ತಿದ್ದರು. ಮೊಬೈಲಿನ ವೀಡಿಯೊದಲ್ಲಿ ಯಾವನೋ ಹಾಗೆ ಹೇಳಿದ್ದನಂತೆ. ಅವನ ಹೆಂಡತಿ ಎಷ್ಟು ಪುಣ್ಯ ಮಾಡಿದ್ದಳೋ ಎಂದುಕೊಂಡೆ. ಆಮೇಲೆ ಅವಳ ಕಸಬರಿಗೆಯ ಗತಿ ನೆನೆದು ಸುಮ್ಮನಾದೆ.

ಗನ್ ಬದುಕಿತು. ಆದರೆ ಅದಕ್ಕೆ ಗಾಳಿ ಬೇಕು, ಗಾಳಿಯ ಟಾಕಿ ಇರುವುದು ಪಂಕ್ಚರ್ ಅಂಗಡಿಯಲ್ಲಿ. ಹೀಗಾಗಿ ನಮ್ಮ ಮನೆತನದ ತೊಟ್ಟಿಲು ಟೈರುಗಳ ನಡುವೆ ಹೋಗಿ ಕೂತಿತು. ಅಲ್ಲಿ ಹೊತ್ತು ಕಳೆಯಲು ಬರುವವರು ಕಡಿಮೆಯೇ? ಒಬ್ಬ ಗನ್ ದೂರ ಹಿಡಿ ಎಂದ, ಒಬ್ಬ ಹತ್ತಿರ ಹಿಡಿ ಎಂದ, ಇನ್ನೊಬ್ಬ ಪುಣೆಯಲ್ಲಿ ಹೀಗೆ ಹೊಡೆಯುವುದೇ ಇಲ್ಲ ಎಂದ. ಹೇಳಿದವರ ಮನೆಗಳ ಗೋಡೆಗಳು ಸುಣ್ಣ ಕಂಡು ಯಾವ ಕಾಲವಾಯಿತೋ!

ಅದೇ ಹೊತ್ತಿಗೆ ಊರಿನ ಪುಢಾರಿಯೊಬ್ಬರು ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಾಡಿಗೆ ಗಾಳಿ ಹಾಕಿಸಲು ಬಂದು ಹಿಂದೆ ನಿಂತಿದ್ದಾರೆ. ನಮ್ಮವರು ಗನ್ ಹಿಡಿದುಕೊಂಡೇ "ನಮಸ್ಕಾರ್ರಿ" ಎಂದು ತಿರುಗಿದರು. ಗನ್ನಿನ ಕುದುರೆಯ ಮೇಲೆ ಬೆರಳಿತ್ತು. ಪುಢಾರಿಯ ಎದೆ, ತೋಳು, ಅರ್ಧ ಮೀಸೆ ಎಲ್ಲ ಕೆಂಪು! ಮೌಲಾಸಾಬ ಜಗಳಕ್ಕೆ ತಯಾರಾಗಿ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡನಂತೆ. ಆದರೆ ಆ ಪುಢಾರಿ ನಿಂತ ಯಾವ ಚುನಾವಣೆಯಲ್ಲೂ ಗೆದ್ದವರಲ್ಲ. ಅವತ್ತು ಪೇಟೆಯಲ್ಲಿ ಹೋಗುವಾಗ ಜನ ಅದನ್ನು ಗೆದ್ದವರಿಗೆ ಎರಚುವ ಗುಲಾಲು ಎಂದುಕೊಂಡು "ಅಭಿನಂದನ ಸಾಹೇಬ್ರ!" ಎಂದು ಕೈ ಕುಲುಕಿದರು. ಮನುಷ್ಯ ಬಾಯಿಬಿಟ್ಟು ಬೈಯಲಿಲ್ಲ. ಆ ಅಂಗಿಯನ್ನು ಇನ್ನೂ ತೊಳೆಸಿಲ್ಲವೆಂದು ಸುದ್ದಿ.

ಬಣ್ಣ ಹೊಡೆದದ್ದಾಯಿತು, ಒಣಗಿದ್ದಾಯಿತು, ಆದರೂ ತೊಟ್ಟಿಲು ಮನೆಗೆ ಬರಲೊಲ್ಲದು. ಕೇಳಿದರೆ "ವಾಸನಿ ಹೋಗಬೇಕು" ಎನ್ನುತ್ತಾರೆ. ತಮ್ಮ ಮೂಗನ್ನು ತಾವೇ ನಂಬದೆ, ಗಾಳಿ ಹಾಕಿಸಲು ಬಂದವರಿಗೆಲ್ಲ "ಒಂದೀಟ ಮೂಸಿ ನೋಡ್ರಿ" ಎಂದು ತೊಟ್ಟಿಲಿಗೆ ಬಗ್ಗಿಸಿದರು. ಮೂಸಿದವರಿಗೆ ಗಾಳಿ ಬಿಟ್ಟಿ! ಮೌಲಾಸಾಬ ನನಗೆ ಫೋನು ಮಾಡಿ ಗೋಳಾಡಿದ. "ವೈನಿ, ನಿಮ್ಮ ಪಾಂವ ಬೀಳ್ತೀನಿ, ಇವನ್ನ ಕರಸ್ಕೋರಿ! ಗಿರಾಕಿ ಟೈರ್ ಬಿಟ್ಟು ತೊಟ್ಟಲಾ ಮೂಸಾಕ ಬರಾಕತ್ತಾರ!"

ಹೆಸರಿಡುವ ದಿನ ಬಂತು. ಬೀಗರ ಜೀಪು ಬಂತು. ತೊಟ್ಟಿಲು ಬರಲಿಲ್ಲ.

ಬೀಗತಿ ಪಡಸಾಲೆಯ ತುಂಬ ಕಣ್ಣಾಡಿಸಿದರು. ಬಸವಣ್ಣನ ಕೋಡು ನೋಡಿದರು. ಆಮೇಲೆ ಮೆಲ್ಲಗೆ, "ಇರ್ಲಿ ಅಂತ ಜೀಪಿನ್ಯಾಗ ಒಂದ ಸ್ಟೀಲಿನ ತೊಟ್ಟಲಾ ಹಾಕ್ಕೊಂಡ ಬಂದೀನ್ರಿ ಅಕ್ಕಾರ. ಮಡಚೂದು. ಇಳಸೂನೇನ್ರಿ?" ಎಂದರು.

ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬಾಣಂತಿ ಕೋಣೆಯ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಗಿರಿಜಾ ಹೇಳಿದಳು: "ತಡೀರಿ ಅತ್ತೀ. ಅಪ್ಪಾ ತರ್ತಾನ."

ಅಷ್ಟರಲ್ಲಿ ಟಂಟಂ ರಿಕ್ಷಾದ ಸದ್ದಾಯಿತು. ಹಿಂದೆ ಮೌಲಾಸಾಬ ಒಂದು ಕಡೆ, ನಮ್ಮವರು ಒಂದು ಕಡೆ, ನಡುವೆ ತೊಟ್ಟಿಲು! ಇಳಿಸಿದಾಗ ಅಂಗಳದಲ್ಲಿದ್ದವರೆಲ್ಲ ಸುತ್ತ ನೆರೆದರು. ಅಂಥ ಕೆಂಪು ನಾನು ಕುಂಕುಮದಲ್ಲಿ ಮಾತ್ರ ನೋಡಿದ್ದೆ. ಬ್ರಶ್ಶಿನ ಒಂದು ಗೆರೆಯಿಲ್ಲ, ಹನಿ ಇಳಿದ ಗುರುತಿಲ್ಲ. ಇವರ ಹುಬ್ಬು ಮಾತ್ರ ಕೆಂಪಗಿತ್ತು.

ಬೀಗತಿ ಸೀರೆ ಅಂಗಡಿಯಲ್ಲಿ ಕೈಯಾಡಿಸುವಂತೆ ತೊಟ್ಟಿಲಿನ ಮೇಲೆ ಕೈಯಾಡಿಸಿದರು. ಮೇಲಿನ ಅಂಚಿನ ಒಂದು ಕಡೆ ಕೈ ನಿಂತಿತು. ಬಗ್ಗಿ ನೋಡಿದರು. ಸಿಕ್ಕಿತಲ್ಲ ಎಂಬ ಸಂತೋಷ ಅವರ ಮುಖದಲ್ಲಿ ಅರಳಿದ್ದನ್ನು ನಾನು ನೋಡಿದೆ.

"ಇಷ್ಟೆಲ್ಲಾ ಮಾಡಿ ಇಲ್ಲೆ ಕುಳಿ ಹಂಗ ಬಿಟ್ಟೀರಲ್ರಿ ಬೀಗರ! ಪುಟ್ಟಿ ಮೆತ್ತಿ ಮುಚ್ಚಬಾರದಾಗಿತ್ತ?"

"ನಾನೂ ಅದನ್ನ ಅಂದ್ಯಾ" ಎಂದ ಮೌಲಾಸಾಬ. "ಪುಟ್ಟಿ ತಂದೂ ಕೊಟ್ಟೆ. ಹೊಡ್ಯಾಕ ಬಂದಾ ನನಗ!"

ನನಗೆ ತಲೆ ತಗ್ಗಿಸುವಂತಾಯಿತು. ಹೋಗಿ ಬೆರಳಿಟ್ಟೆ. ಸಣ್ಣ ಸಣ್ಣ ಕುಳಿಗಳು. ಮೇಲೆ ಎರಡು, ಕೆಳಗೆ ಎರಡು, ಜೋಳದ ಕಾಳಿನಷ್ಟೇ. ಬಣ್ಣ ಅವುಗಳ ಒಳಗೂ ತೆಳ್ಳಗೆ ಇಳಿದು ಹೊಳೆಯುತ್ತಿತ್ತು. ಬೆರಳು ಅಲ್ಲಿಂದ ಮೇಲೇಳಲಿಲ್ಲ.

ಗಿರಿಜಾಳಿಗೆ ಹಲ್ಲು ಬರುತ್ತಿದ್ದ ಕಾಲ. ಸಂಜೆ ಹೊಲದಿಂದ ಅಪ್ಪ ಬರುವ ಸದ್ದು ಕೇಳಿದರೆ ಸಾಕು, ಈ ಅಂಚು ಹಿಡಿದು ಎದ್ದು ನಿಲ್ಲುತ್ತಿದ್ದಳು. ಅವರು ಕೈಕಾಲು ತೊಳೆದುಕೊಂಡು ಬಂದು ಎತ್ತಿಕೊಳ್ಳುವವರೆಗೆ ತಾಳ್ಮೆಯಿಲ್ಲದೆ ಇದನ್ನೇ ಕಚ್ಚುತ್ತ ನಿಂತಿರುತ್ತಿದ್ದಳು. ಇದರ ಮೇಲೆ ಕೌದಿ ಒಟ್ಟಿ ನಾನು ಮರೆತೇಬಿಟ್ಟಿದ್ದೆ. ರಂಧಾ ಹೊಡೆಸಿರಿ ಎಂದಿದ್ದೆ!

ತಿಂದರೆ ಏನೂ ಆಗುವುದಿಲ್ಲ ತಾನೆ ಎಂದು ಇವರು ಯಾಕೆ ಕೇಳಿದ್ದರೆಂಬುದು ನನಗೆ ಹೊಳೆದದ್ದು ಆಗ.

ನಮ್ಮವರು ಹುಬ್ಬಿನ ಬಣ್ಣ ಕೆರೆಯುತ್ತ ನೆಲ ನೋಡುತ್ತಿದ್ದರು. "ಬ್ರಶ್ಶಿಲೆ ಹಚ್ಚಿದ್ರ ಮುಚ್ಚಿ ಹೋಗ್ತಿದ್ವು" ಎಂದರು, ಯಾರಿಗೆ ಹೇಳಿದರೋ.

ಗಿರಿಜಾ ಬಂದು, ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಆ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟಳು. "ಇವು ನನ್ನೂವನ ಅಪ್ಪಾ?" ಎಂದಳು. ಅವರು ತಲೆಯಾಡಿಸಿದರು.

ಬೀಗತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ತೊಟ್ಟಿಲಿಗೆ ಹಾಕಿದ್ದ ದಿಂಬನ್ನು ತೆಗೆದರು. ಅತ್ತ ಕಡೆಯಿಂದ ಇತ್ತ ಕಡೆಗೆ, ಆ ಗುರುತಿನ ಮಗ್ಗುಲಿಗೆ ತಂದು ಇಟ್ಟರು. ಕೂಸನ್ನು ಮಲಗಿಸುತ್ತ ನನಗೆ ಹೇಳಿದರು:

"ತಲಿ ಈ ಕಡೆ ಇರ್ಲಿ ಅಕ್ಕಾರ. ಹಲ್ಲ ಬಂದ್ರ ಎಟಕಬೇಕಲ್ಲ."